ಮಧ್ಯಾಹ್ನ ಮನೆಯಲ್ಲಿರಿ ಮಾರಾಯ್ರೆ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸೆಕೆಯದ್ದೇ. ಏಪ್ರಿಲ್ ಈಗಷ್ಟೇ ಶುರುವಾಗಿದೆ, ಆಗಲೇ ಎಲ್ಲರೂ ಸೋತು ಸುಣ್ಣವಾದ ಹಾಗೆ ಬರೆದಿದ್ದೀರಿ. ಕೆಲವು ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಉಂಟು, ಕೆಲವಕ್ಕೆ ಬರೀ ಅಭಿಪ್ರಾಯ. ಎರಡನ್ನೂ ಕೊಟ್ಟಿದ್ದೇನೆ. ಉಡುಪಿಯಲ್ಲಿ ಕೂತು ಬರೆಯುವವಳು, ಹಾಗಾಗಿ ಉಡುಪಿ ಕಡೆಗೆ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ.

ನಾನು ಕಲಬುರಗಿಯವನು. ಮಂಗಳೂರಿನ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಚಳಿಗಾಲದಲ್ಲಿ ಇಲ್ಲಿಗೆ ಬಂದೆ. ಊರಲ್ಲಿ 42 ಡಿಗ್ರಿ ಬಿಸಿಲಲ್ಲಿ ಕ್ರಿಕೆಟ್ ಆಡಿದವನು. ಇಲ್ಲಿ 34ಕ್ಕೇ ಕೈಕಾಲು ಬಿದ್ದುಹೋಗುತ್ತಿದೆ. ಏನಿದು ಮೇಡಂ? ಊರಿಂದ ಏರ್ ಕೂಲರ್ ತರಿಸಲಾ?
– ಕುಳಾಯಿಯಿಂದ ಒಬ್ಬ ಓದುಗ

ಕೂಲರ್ ತರಿಸಬೇಡ ತಮ್ಮಾ. ಮೊದಲು ಅದನ್ನು ಹೇಳಿಬಿಡುತ್ತೇನೆ, ಸಾಗಾಣಿಕೆ ದುಡ್ಡಾದರೂ ಉಳಿಯಲಿ. ಒಣ ಗಾಳಿ ಒದ್ದೆ ಪ್ಯಾಡಿನ ಮೂಲಕ ಬರುವಾಗ ನೀರು ಆವಿಯಾಗುತ್ತದೆ, ಅದರಿಂದ ಗಾಳಿ ತಣ್ಣಗಾಗುತ್ತದೆ. ಕೂಲರಿನ ಗುಟ್ಟು ಅಷ್ಟೇ. ಕಲಬುರಗಿಯಲ್ಲಿ ಅದು ಸ್ವರ್ಗ. ಇಲ್ಲಿ ಗಾಳಿ ಮೊದಲೇ ನೀರು ಕುಡಿದು ಕೂತಿದೆ. ಪ್ಯಾಡಿನ ನೀರು ಆರುವುದಿಲ್ಲ, ಕೋಣೆಯೊಳಗೆ ಪಸೆ ಮಾತ್ರ ಜಾಸ್ತಿ ಆಗುತ್ತದೆ. ಆಮೇಲೆ ಹಾಸಿಗೆ, ದಿಂಬು, ಮಡಚಿಟ್ಟ ಪ್ಯಾಂಟು ಎಲ್ಲ ಮುಗ್ಗಲು ವಾಸನೆ.

ನಿನ್ನ ಮೈಗೂ ಅದೇ ಕತೆ. ಬೆವರು ಬಂದರೆ ಸಾಲದು, ಆರಬೇಕು. ಆರಿದರೇ ತಂಪು. ನಿಮ್ಮೂರಲ್ಲಿ ಬೆವರು ಬಂದದ್ದೇ ಗೊತ್ತಾಗದ ಹಾಗೆ ಆರಿಹೋಗುತ್ತದೆ, ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಇಲ್ಲಿ ಬೆನ್ನ ಮೇಲಿಂದ ಇಳಿದು ಸೊಂಟದ ಬೆಲ್ಟಿನ ಹತ್ತಿರ ಬಂದು ನಿಲ್ಲುತ್ತದೆ. ಹಾಗಾಗಿ ಮಾಪಕದಲ್ಲಿ 34 ಇದ್ದರೂ ಮೈಗೆ 40 ದಾಟಿದ ಹಾಗೆ ಅನ್ನಿಸುತ್ತದೆ. ನೀನು ಸೋಮಾರಿಯಾಗಿಲ್ಲ, ಹೆದರಬೇಡ. ಇನ್ನೊಂದು ಕಿರಿಕಿರಿ ಉಂಟು. ಮಧ್ಯಾಹ್ನ ಕಡಲ ಗಾಳಿ ಚೆನ್ನಾಗಿ ಬೀಸುತ್ತದೆ, ಕತ್ತಲಾಗುತ್ತಾ ಬಂದ ಹಾಗೆ ನಿಂತುಬಿಡುತ್ತದೆ. ರಾತ್ರಿ ಒಂಬತ್ತಕ್ಕೆ ತೆಂಗಿನ ಗರಿ ಕೂಡ ಅಲ್ಲಾಡುವುದಿಲ್ಲ. ಆಗ ಫ್ಯಾನೇ ದೇವರು. ಕಿಟಕಿಯೊಂದಕ್ಕೆ ಎದುರಾಗಿ ಟೇಬಲ್ ಫ್ಯಾನ್ ಇಟ್ಟು ಒಳಗಿನ ಗಾಳಿ ಹೊರಗೆ ಹೋಗುವ ಹಾಗೆ ಮಾಡು, ಇನ್ನೊಂದು ಕಿಟಕಿ ತೆರೆದಿಡು. ಕೂಲರಿಗಿಂತ ಅದು ಮೇಲು.

ಬ್ಯಾಗಿನಲ್ಲಿ ಯಾವಾಗಲೂ ಇನ್ನೊಂದು ಹತ್ತಿ ಅಂಗಿ, ಒಂದು ಬೈರಾಸು ಇರಲಿ. ಬೈರಾಸು ಗೊತ್ತಲ್ವಾ, ತೆಳು ಹತ್ತಿ ಟವೆಲು. ಮೈ ಒರೆಸಿಕೊಂಡು ಅಂಗಿ ಬದಲಿಸಿದರೆ ಅರ್ಧ ಸುಸ್ತು ಅಲ್ಲೇ ಹೋಗುತ್ತದೆ. ಬರೀ ನೀರು ಕುಡಿಯುತ್ತಾ ಇರಬೇಡ, ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಜೋಳದ ರೊಟ್ಟಿ ಬಿಡು ಅನ್ನುವುದಿಲ್ಲ. ಆದರೆ ಬೆಳಗ್ಗೆ ಒಂದು ಹೊತ್ತು ಕುಚ್ಚಿಲಕ್ಕಿ ಗಂಜಿ, ಅದಕ್ಕೆ ಉಪ್ಪು, ಮಿಡಿ ಉಪ್ಪಿನಕಾಯಿ ಹಾಕಿ ಉಂಡು ನೋಡು. ಇಲ್ಲಿಯ ಜನ ಸುಮ್ನೆ ಅದನ್ನು ಉಣ್ಣುವುದಲ್ಲ.

ಮತ್ತೆ, ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ಹನ್ನೆರಡೂವರೆಗೆ ಎರಡು ನಿಮಿಷ ಇರುವಾಗ ಕಾರ್ಖಾನೆಯ ಅಂಗಳದಲ್ಲಿ ಒಂದು ಬಾಟಲಿ ನೇರ ನಿಲ್ಲಿಸಿ ನೋಡು. ನೆರಳೇ ಬೀಳುವುದಿಲ್ಲ. ಸೂರ್ಯ ಆ ಹೊತ್ತಿಗೆ ಸರಿಯಾಗಿ ನೆತ್ತಿಯ ಮೇಲೆ. ಉಡುಪಿಗೆ ಅದು ಮರುದಿನ. ನೋಡಿದ ಕೂಡಲೇ ಒಳಗೆ ಹೋಗು.

ಹುಬ್ಬಳ್ಳಿಯಿಂದ ನಾದಿನಿ ಕುಟುಂಬ ಬರುತ್ತಿದೆ. ನಾವೂ ಸೇರಿ ಎಂಟು ಜನ. ಅತ್ತೆಗೆ ಮಂಡಿ ನೋವು, ನಾದಿನಿಯ ಚಿಕ್ಕ ಮಗಳಿಗೆ ಐದು ವರ್ಷ. ನಮ್ಮವರಿಗೆ ರಜೆ ಭಾನುವಾರ ಒಂದೇ. ಉಡುಪಿ ಕೃಷ್ಣ ಮಠ, ಸೈಂಟ್ ಮೇರೀಸ್ ದ್ವೀಪ, ಕಾರ್ಕಳದ ಗೊಮ್ಮಟ, ಆಗುಂಬೆ ಸೂರ್ಯಾಸ್ತ ನಾಲ್ಕೂ ಒಂದೇ ದಿನ ಮಾಡಬಹುದಾ? ಟೆಂಪೋ ಟ್ರಾವೆಲರ್ ಮಾತಾಡಿ ಆಗಿದೆ.
– ಮಂಗಳೂರಿನ ಕುಲಶೇಖರದಿಂದ ಒಬ್ಬ ಗೃಹಿಣಿ

ಮಾಡಬಹುದು. ಡ್ರೈವರ್ ಮಾಡಿಯಾನು. ನೀವು ಎಂಟು ಜನ ಮಾಡಲಿಕ್ಕಿಲ್ಲ.

ಈ ನಾಲ್ಕರಲ್ಲಿ ಎರಡು ಕಡಲ ಬದಿ, ಎರಡು ಘಟ್ಟದ ಬದಿ. ಒಂದು ಬದಿ ಆರಿಸಿಕೊಳ್ಳಿ. ಆಮೇಲೆ ದೂರದ ಲೆಕ್ಕ ಬಿಡಿ, ಹೊತ್ತಿನ ಲೆಕ್ಕ ಹಾಕಿ. ಈ ತಿಂಗಳಲ್ಲಿ ನಮ್ಮ ಕರಾವಳಿಯಲ್ಲಿ ತಿರುಗಾಡಲು ಎರಡೇ ಹೊತ್ತು, ಬೆಳಗ್ಗೆ ಹತ್ತೂವರೆವರೆಗೆ, ಸಂಜೆ ನಾಲ್ಕೂವರೆ ಮೇಲೆ. ನಡುವಿನದು ಊಟಕ್ಕೆ, ನೆರಳಿಗೆ, ನಿದ್ದೆಗೆ.

ನಾನಾದರೆ ಕಡಲ ಬದಿಯೇ ಆರಿಸುತ್ತೇನೆ. ಬೆಳಗ್ಗೆ ಐದೂವರೆಗೆ ಗಾಡಿ ಹೊರಡಬೇಕು. ಹೊರಡುವುದು ಅಂದರೆ ಚಕ್ರ ತಿರುಗುವುದು, ಮಕ್ಕಳಿಗೆ ಜಡೆ ಹಾಕಲು ಶುರು ಮಾಡುವುದಲ್ಲ. ಹೆದ್ದಾರಿ 66ರಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ದಾಟಿ ಏಳು ಗಂಟೆಗೆಲ್ಲ ರಥಬೀದಿ ತಲುಪುತ್ತೀರಿ. ಆ ಹೊತ್ತಿಗೆ ಕಲ್ಲು ಹಾಸು ಇನ್ನೂ ತಣ್ಣಗಿರುತ್ತದೆ, ಅತ್ತೆ ಬರಿಗಾಲಲ್ಲಿ ಆರಾಮಾಗಿ ನಡೆಯಬಹುದು. ಕನಕನ ಕಿಂಡಿ ನೋಡಿ, ಒಳಗೆ ಹೋಗಿ ಒಂಬತ್ತು ತೂತಿನ ಬೆಳ್ಳಿ ಕಿಂಡಿಯಲ್ಲಿ ಕೃಷ್ಣನನ್ನು ನೋಡಿ. ಭಾನುವಾರ ಒಂಬತ್ತರ ಮೇಲೆ ಹೋದರೆ ಕೃಷ್ಣನಿಗಿಂತ ಮುಂದಿನವರ ಬೆನ್ನೇ ಹೆಚ್ಚು ಕಾಣುವುದು. ಹೊರಗೆ ಬಂದು ತಿಂಡಿ. ರಥಬೀದಿಯ ಮಿತ್ರ ಸಮಾಜದಲ್ಲಿ ಬನ್ಸ್ ತಿನ್ನಿ. ಹುಬ್ಬಳ್ಳಿಯವರಿಗೆ ಬನ್ಸ್ ಅಂದರೆ ಬೇಕರಿಯದ್ದು ಅಂತ ಅನ್ನಿಸಬಹುದು, ಮೊದಲೇ ಹೇಳಿ, ಇದು ಬಾಳೆಹಣ್ಣು ಕಲಸಿ ಕರಿದ ಪೂರಿ.

ಅಲ್ಲಿಂದ ಮಲ್ಪೆ ಆರೇ ಕಿಲೋಮೀಟರ್. ಬೆಳಗ್ಗಿನ ಮೊದಲ ಬೋಟುಗಳಲ್ಲೇ ದ್ವೀಪಕ್ಕೆ ಹೋಗಿ. ಬೆಳಗ್ಗೆ ಕಡಲು ಶಾಂತ, ಮಧ್ಯಾಹ್ನ ಗಾಳಿ ಎದ್ದ ಮೇಲೆ ಬೋಟು ಕುಣಿಯುತ್ತದೆ, ಐದು ವರ್ಷದವಳು ತಿಂದ ಬನ್ಸ್ ಹೊರಗೆ ಬರುತ್ತದೆ. ಅತ್ತೆಯನ್ನು ದ್ವೀಪಕ್ಕೆ ಕರೆದುಕೊಂಡು ಹೋಗಬೇಡಿ. ಅಲ್ಲಾಡುವ ಬೋಟಿಗೆ ಹತ್ತುವುದು, ಇಳಿಯುವುದು ಮಂಡಿ ನೋವಿನವರಿಗೆ ಶಿಕ್ಷೆ. ಅವರನ್ನೂ ಜೊತೆಗೊಬ್ಬರನ್ನೂ ಮಠದಲ್ಲೇ ಬಿಡಿ. ನಿಮ್ಮವರೇ ಇರಲಿ, ತಾಯಿ ಮಗನಿಗೆ ಮಾತಾಡಲು ಎರಡು ಗಂಟೆ ಸಿಗುತ್ತದೆ.

ದ್ವೀಪದಲ್ಲಿ ಮಕ್ಕಳಿಗೆ ಆ ಕಲ್ಲುಗಳನ್ನು ಹತ್ತಿರದಿಂದ ತೋರಿಸಿ. ಯಾರೋ ಅಳತೆ ಹಿಡಿದು ಕೆತ್ತಿದ ಹಾಗೆ ಕಂಬಗಳು. ಕೆಲವಕ್ಕೆ ಐದು ಮುಖ, ಹೆಚ್ಚಿನವಕ್ಕೆ ಆರು. ಒಂದಕ್ಕೊಂದು ಅಂಟಿಕೊಂಡು ನಿಂತಿವೆ, ನಡುವೆ ಬೆರಳು ತೂರದಷ್ಟು ಸಣ್ಣ ಸಂದು. ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟದ್ದು ಹೀಗೆ. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಕಲ್ಲು, ಸುಮಾರು 8.8 ಕೋಟಿ ವರ್ಷ ಹಳೆಯದು. ಅಂಚು ಚೂಪು, ಪಾಚಿ ಇರುವಲ್ಲಿ ಜಾರುತ್ತದೆ. ಫೋಟೋಕ್ಕೆ ಅಂತ ಬಂಡೆಯ ತುದಿಗೆ ಯಾರೂ ಹೋಗುವುದು ಬೇಡ, ಬಂಡೆಗಳ ನಡುವೆ ನೀರಿಗೆ ಇಳಿಯುವುದಂತೂ ಬೇಡವೇ ಬೇಡ.

ಹನ್ನೆರಡರೊಳಗೆ ವಾಪಸ್ ಬಂದು ಮಠದಲ್ಲಿ ಊಟ. ಆಮೇಲೆ ಏನೂ ಮಾಡಬೇಡಿ. ಹೌದು, ಏನೂ ಇಲ್ಲ. ಉಡುಪಿಯಲ್ಲಿ ನೆಂಟರಿದ್ದರೆ ಅವರ ಮನೆ ಚಾವಡಿಯಲ್ಲಿ ಚಾಪೆ ಹಾಸಿ, ಇಲ್ಲದಿದ್ದರೆ ಲಾಡ್ಜಿನಲ್ಲಿ ಒಂದು ಕೋಣೆ ಹಿಡಿಯಿರಿ. ದುಡ್ಡು ದಂಡ ಅನ್ನಬೇಡಿ, ಅದರಿಂದಲೇ ಸಂಜೆ ಉಳಿಯುವುದು. ನಾಲ್ಕಕ್ಕೆ ಎದ್ದು ಮಕ್ಕಳಿಗೆ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿ, ಐದಕ್ಕೆ ಕಾಪು ಬೀಚು. ಅದು ನಿಮ್ಮ ವಾಪಸ್ ದಾರಿಯಲ್ಲೇ ಉಂಟು. ದೀಪಸ್ತಂಭ 1901ರಲ್ಲಿ ಕಟ್ಟಿದ್ದು, ಬಂಡೆಯ ಮೇಲೆ ನಿಂತಿದೆ. ಸಂಜೆ ಸ್ವಲ್ಪ ಹೊತ್ತು ಮೇಲೆ ಹತ್ತಲು ಬಿಡುತ್ತಾರೆ. ಹತ್ತುವವರು ಹತ್ತಲಿ, ಅತ್ತೆ ಮರಳಲ್ಲಿ ಕೂತು ಚರುಮುರಿ ತಿನ್ನಲಿ. ಸೂರ್ಯಾಸ್ತ ಅಲ್ಲೇ ಆಯಿತಲ್ಲ, ಆಗುಂಬೆ ಯಾಕೆ?

ಘಟ್ಟದ ಬದಿಯೇ ಬೇಕು ಅಂತ ನಾದಿನಿ ಹಟ ಹಿಡಿದರೆ, ಕಾರ್ಕಳದ ಗೊಮ್ಮಟನನ್ನು ಮೊದಲು ಮುಗಿಸಿ. 1432ರಲ್ಲಿ ನಿಲ್ಲಿಸಿದ 42 ಅಡಿಯ ಏಕಶಿಲೆ, ಸುತ್ತ ಬಯಲು ಬಂಡೆ. ಹತ್ತು ಗಂಟೆ ಕಳೆದರೆ ಬರಿಗಾಲು ಸುಟ್ಟುಹೋಗುತ್ತದೆ. ಹಳೆಯ ಸಾಕ್ಸ್ ಒಂದೊಂದು ಜೊತೆ ಇಟ್ಟುಕೊಳ್ಳಿ. ಬಿಸಿಲೇರಿದ ಮೇಲೆ ಚತುರ್ಮುಖ ಬಸದಿಯ ನೆರಳು, ಆಮೇಲೆ ವರಂಗದ ಕೆರೆ ಬಸದಿಗೆ ದೋಣಿ. ಆಗುಂಬೆ ಘಾಟಿಯಲ್ಲಿ 14 ತಿರುವು ಉಂಟು, ಊಟ ಹಗುರ ಇರಲಿ. ಏಪ್ರಿಲಿನಲ್ಲಿ ಮಬ್ಬು ಕವಿದು ಸೂರ್ಯ ಕಡಲಿಗೆ ಮುಟ್ಟುವ ಮೊದಲೇ ಕಾಣೆಯಾಗುವುದೂ ಇದೆ. ಮನೆ ಸೇರುವಾಗ ರಾತ್ರಿ ಹತ್ತು. ಮರುದಿನ ಸೋಮವಾರ, ನಿಮ್ಮವರಿಗೆ ಡ್ಯೂಟಿ.

ಮಾವಿನಹಣ್ಣು ತಿಂದರೆ ಮಕ್ಕಳಿಗೆ ಸೆಕೆಬೊಕ್ಕೆ ಬರುತ್ತದಾ?
– ಬ್ರಹ್ಮಾವರ

ಇಲ್ಲ. ಸೆಕೆಬೊಕ್ಕೆ ಅಂದರೆ ಬೆವರುಸಾಲೆ, ಬೆವರಿನ ರಂಧ್ರ ಮುಚ್ಚಿಕೊಂಡು ಬರುವುದು ಅದು. ಸಡಿಲ ಹತ್ತಿ ಬಟ್ಟೆ, ದಿನಕ್ಕೆರಡು ಸಲ ತಣ್ಣೀರು ಸ್ನಾನ. ಪೌಡರು ಮೆತ್ತಬೇಡಿ. ಮಾವಿನಹಣ್ಣು ಕೊಡಿ.

ನಾನು ಮಣಿಪಾಲದಲ್ಲಿ ಆಫೀಸಿಗೆ ಹೋಗುವವಳು. ಮಕ್ಕಳಿಬ್ಬರಿಗೆ ರಜೆ ಶುರುವಾಗಿದೆ. ಅತ್ತೆ ನೋಡಿಕೊಳ್ಳುತ್ತಾರೆ, ಆದರೆ ಸಂಜೆ ನಾನು ಬಂದ ಕೂಡಲೇ ದೂರುಗಳ ಪಟ್ಟಿ. ಮಕ್ಕಳು ಮೊಬೈಲ್ ಬಿಡುವುದಿಲ್ಲ, ಊಟ ಮಾಡುವುದಿಲ್ಲ ಅಂತ. ಕೇಳಿ ಕೇಳಿ ಸಾಕಾಗಿದೆ.
– ಪರ್ಕಳ

ನಿಮ್ಮ ಅತ್ತೆಗೆ ಎಷ್ಟು ವರ್ಷ ಅಂತ ಬರೆದಿಲ್ಲ. ಎಷ್ಟೇ ಆಗಿರಲಿ, ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಈ ಸೆಕೆಯಲ್ಲಿ ಇಬ್ಬರು ಮಕ್ಕಳ ಹಿಂದೆ ಓಡುವುದು ಅವರ ಡ್ಯೂಟಿ ಅಲ್ಲ. ಅವರು ಕೊಡುವುದು ದೂರಿನ ಪಟ್ಟಿ ಅಂತ ನಿಮಗೆ ಅನ್ನಿಸುತ್ತದೆ, ನನಗೆ ಅದು ರಜೆ ಅರ್ಜಿ ಅಂತ ಅನ್ನಿಸುತ್ತದೆ. ಮಂಜೂರು ಮಾಡಿ. ಊಟದ ನಂತರ ನಾಲ್ಕರವರೆಗೆ ಅಜ್ಜಿಯ ಕೋಣೆಗೆ ಯಾರಿಗೂ ಪ್ರವೇಶ ಇಲ್ಲ ಅಂತ ನಿಯಮ ಮಾಡಿ, ಅದನ್ನು ಮಕ್ಕಳಿಗೆ ನೀವೇ ಹೇಳಿ. ಆ ಹೊತ್ತಲ್ಲಿ ಅವು ಮೊಬೈಲ್ ನೋಡಿದರೆ ನೋಡಲಿ. ಹೊರಗೆ ಹೇಗೂ ಬೆಂಕಿ ಬಿಸಿಲು.

ಸಂಜೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವ ಕೆಲಸ ಅವರ ಅಪ್ಪನದ್ದು. ನಿಮ್ಮ ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ, ಅದಕ್ಕೆ ಹೇಳಿದೆ. ಪತ್ತನಾಜೆವರೆಗೆ, ಅಂದರೆ ಮೇ ಕೊನೆಯ ವಾರದವರೆಗೆ, ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ. ಹತ್ತಿರ ಎಲ್ಲಾದರೂ ಮಂದಾರ್ತಿ ಮೇಳದ ಹರಕೆ ಆಟ ಇದ್ದರೆ ಕರೆದುಕೊಂಡು ಹೋಗಲಿ. ಟಿಕೆಟ್ ಇಲ್ಲ, ಯಾರೂ ಓಡಿಸುವುದಿಲ್ಲ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಬಣ್ಣ ಹಚ್ಚುವುದನ್ನು ದೂರದಿಂದ ನೋಡಲು ಬಿಟ್ಟರೆ ಮೊಬೈಲ್ ತಾನಾಗಿ ಕಿಸೆಗೆ ಹೋಗುತ್ತದೆ. ಯಾವಾಗಲೂ ಅಲ್ಲ, ಆ ರಾತ್ರಿಗೆ.

ಒಂದೇ ಭಾನುವಾರ ಎರಡು ಮದುವೆ, ಒಂದು ಗೃಹಪ್ರವೇಶ, ಒಂದು ಬ್ರಹ್ಮಕಲಶ, ರಾತ್ರಿ ಕುಟುಂಬದ ನೇಮ. ಎಲ್ಲಿಗೆ ಹೋಗುವುದು?
– ಬಂಟ್ವಾಳ

ನೇಮಕ್ಕೆ, ಅಂದರೆ ದೈವದ ಕೋಲಕ್ಕೆ, ಹೋಗಲೇಬೇಕು, ಅದರಲ್ಲಿ ಚರ್ಚೆ ಇಲ್ಲ. ಹತ್ತಿರದವರ ಮದುವೆಗೆ ಮುನ್ನಾದಿನ ಮೆಹಂದಿಗೆ ಹೋಗಿಬನ್ನಿ, ರಾತ್ರಿಯ ಕಾರ್ಯಕ್ರಮ, ಸೆಕೆ ಕಮ್ಮಿ, ಮನೆಯವರಿಗೆ ಮಾತಾಡಲು ಪುರುಸೊತ್ತೂ ಇರುತ್ತದೆ. ಇನ್ನೊಂದು ಮದುವೆಗೆ ಗಂಡ, ಗೃಹಪ್ರವೇಶಕ್ಕೆ ಹೆಂಡತಿ. ಬ್ರಹ್ಮಕಲಶ ದೇವಸ್ಥಾನದ ಉತ್ಸವ, ಹೆಚ್ಚಾಗಿ ಒಂದೇ ದಿನದ್ದಲ್ಲ, ಹಿಂದಿನ ಒಂದು ದಿನ ಹೊರೆಕಾಣಿಕೆಗೆ ತೆಂಗಿನಕಾಯಿ ಕೊಟ್ಟು ಬನ್ನಿ. ಮಧ್ಯಾಹ್ನ ಮೂರು ಹಾಲ್ ಸುತ್ತಿ ಮೂರು ಕಡೆ ಪಾಯಸ ಕುಡಿದು ರಾತ್ರಿ ನೇಮದಲ್ಲಿ ತೂಕಡಿಸುವವರನ್ನು ನೋಡಿದ್ದೇನೆ.

ಪುನರ್ಪುಳಿ (ಕೋಕಂ) ಹಣ್ಣು ಸಕ್ಕರೆ ಹಾಕಿ ಭರಣಿಯಲ್ಲಿ ಬಿಸಿಲಿಗಿಟ್ಟರೆ ನಾಲ್ಕೇ ದಿನಕ್ಕೆ ಬೂಷ್ಟು ಬರುತ್ತದೆ. ಅಮ್ಮ ಮಾಡುವಾಗ ಹೀಗಾಗುತ್ತಿರಲಿಲ್ಲ.
– ಕದ್ರಿಯಿಂದ ಒಬ್ಬರು

ನೀರು. ಬೇರೆ ಏನೂ ಅಲ್ಲ. ಹಣ್ಣು ತೊಳೆದ ಮೇಲೆ ಒಂದೊಂದನ್ನೇ ಬಟ್ಟೆಯಲ್ಲಿ ಒರೆಸಬೇಕು, ತೊಟ್ಟಿನ ಹತ್ತಿರ ಒಂದು ಸಣ್ಣ ಗುಂಡಿ ಇರುತ್ತದಲ್ಲ, ನೀರು ನಿಲ್ಲುವುದು ಅಲ್ಲೇ. ಒರೆಸಿ, ಫ್ಯಾನಿನಡಿ ಗಂಟೆಗಟ್ಟಲೆ ಹರಡಿ, ಆಮೇಲೆ ಕೊಯ್ಯಿರಿ. ಚಾಕು, ಕೈ, ಭರಣಿ ಮೂರೂ ಒಣಗಿರಬೇಕು. ಬೀಜ ತೆಗೆದ ಸಿಪ್ಪೆ ಪುಟ್ಟ ಬಟ್ಟಲಿನ ಹಾಗೆ ನಿಲ್ಲುತ್ತದೆ. ಅದಕ್ಕೆ ತುಂಬ ಸಕ್ಕರೆ ತುಂಬಿ ಮೇಲ್ಮುಖವಾಗಿ ಜೋಡಿಸಿ. ಒಂದು ಸಾಲು ಆದ ಮೇಲೆ ಅದರ ಮೇಲೆ ಮತ್ತೆ ಸಕ್ಕರೆ. ಸಕ್ಕರೆಯಲ್ಲಿ ಜಿಪುಣತನ ಮಾಡಿದರೂ ಬೂಷ್ಟು ಗ್ಯಾರಂಟಿ, ಅದೇ ಅಲ್ಲಿ ಕಾಯುವುದು. ಸಂಜೆಯೊಳಗೆ ಅಡಿಯಲ್ಲಿ ಕಡುಗೆಂಪು ರಸ ಇಳಿಯಲು ಶುರುವಾಗುತ್ತದೆ.

ಗಾಜು ಇಲ್ಲವೇ ಪಿಂಗಾಣಿ ಭರಣಿಯೇ ಆಗಬೇಕು, ಅಲ್ಯೂಮಿನಿಯಂ ಮುಟ್ಟಿಸಬೇಡಿ, ಹುಳಿ ಅದನ್ನು ತಿನ್ನುತ್ತದೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ, ಸೂರ್ಯ ಇಳಿಯುವ ಮೊದಲು ಒಳಗೆ ತನ್ನಿ. ನಮ್ಮ ಕಡೆ ರಾತ್ರಿ ಗಾಳಿಯ ಪಸೆಯೂ ಸಾಕು ಹಾಳು ಮಾಡಲು. ದಿನಕ್ಕೊಮ್ಮೆ ಒಣ ಮರದ ಸೌಟಿನಲ್ಲಿ ತಿರುವಿ. ಸಕ್ಕರೆ ಪೂರಾ ಕರಗಿದ ಮೇಲೆ ಸೋಸಿ ಬಾಟಲಿಗೆ ಹಾಕಿ. ಉಳಿದ ಸಿಪ್ಪೆ ಎಸೆಯಬೇಡಿ, ಒಣಗಿಸಿದರೆ ಮಕ್ಕಳು ಮಿಠಾಯಿಯ ಬದಲು ತಿನ್ನುತ್ತಾರೆ. ಬೀಜವನ್ನೂ ತೊಳೆದು ಒಣಗಿಸಿಡಿ, ಅದರ ತುಪ್ಪ ಹಿಮ್ಮಡಿ ಒಡೆತಕ್ಕೆ ಒಳ್ಳೆಯದು.

ಈ ಸಲದ ಭರಣಿಯಲ್ಲಿ ಬೂಷ್ಟು ಬಂದಿದ್ದರೆ ಮೇಲಿಂದ ತೆಗೆದು ಉಳಿದದ್ದನ್ನು ಕುಡಿಯಬೇಡಿ, ಪೂರ್ತಿ ಚೆಲ್ಲಿ. ಮಾರ್ಕೆಟಿನಲ್ಲಿ ಹಣ್ಣು ಇನ್ನೂ ಮೇ ತಿಂಗಳವರೆಗೆ ಸಿಗುತ್ತದೆ.