ಮೂರು ಗಾಲಿಗೆ ಮೈ ಒಗ್ಗಬೇಕು

ಈ ಪತ್ರ ಬಂದಿದ್ದು ಗದಗ ಜಿಲ್ಲೆಯಿಂದ, ಮುಂಡರಗಿ ಕಡೆಯ ಒಂದು ಊರಿನಿಂದ. ಬರೆದವರು ಶಾಲಾ ಮಾಸ್ತರರಾಗಿ ನಿವೃತ್ತರಾದವರು, ವಯಸ್ಸು 63. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"38 ವರ್ಷ ಒಂದೇ ಬುಲೆಟ್ ಓಡಿಸಿದ್ದೇನೆ. ಹೋದ ವರ್ಷ ಎಡ ಮೊಣಕಾಲಿನ ಆಪರೇಶನ್ ಆಯಿತು. ನಡೆಯಲು ತೊಂದರೆ ಇಲ್ಲ, ಆದರೆ ನಿಂತ ಗಾಡಿಯ ಭಾರವನ್ನು ಆ ಕಾಲು ತಡೆಯುವುದಿಲ್ಲ. ಯುಗಾದಿಯ ಹಿಂದಿನ ದಿನ ಮನೆ ಬಾಗಿಲಲ್ಲೇ ಗಾಡಿ ಎಡಕ್ಕೆ ವಾಲಿತು, ಅದರ ಜತೆ ನಾನೂ ಬಿದ್ದೆ. ನಮ್ಮ ಮನೆಯವರು 'ಇನ್ನ ಸಾಕ್ರೀ' ಅಂದರು. ಮಗ ಕೀಲಿಕೈ ತೆಗೆದಿಟ್ಟಿದ್ದಾನೆ. ಹುಬ್ಬಳ್ಳಿಯಲ್ಲಿ ಒಬ್ಬ ಫಿಟ್ಟರ್ ಬುಲೆಟ್ಟಿಗೇ ಹಿಂದೆ ಎರಡು ಗಾಲಿ ಹಾಕಿ ಕೊಡುತ್ತೇನೆ ಅನ್ನುತ್ತಾನೆ. ಮೂರು ಗಾಲಿ ಆದರೆ ಬೀಳುವ ಚಿಂತೆಯೇ ಇಲ್ಲ, ಅಲ್ವಾ? ಆದರೆ ಅಂಗವಿಕಲರ ಗಾಡಿ ಅಂತ ಊರಲ್ಲಿ ಆಡಿಕೊಳ್ಳುತ್ತಾರೆ. ಹೊಲ ನಾಲ್ಕು ಕಿಲೋಮೀಟರ್ ದೂರ, ದಿನಾ ಹೋಗಬೇಕು. ಏನು ಮಾಡಲಿ?"

ಮಾಸ್ತರರೇ, ನಮಸ್ಕಾರ.

ಮೂರು ಗಾಲಿಗೆ ಬನ್ನಿ. ಹೊಲಕ್ಕೆ ಹೋಗುವುದನ್ನು ಬಿಡಬೇಡಿ. ಆದರೆ ಬುಲೆಟ್ಟಿಗೆ ಕೈ ಹಚ್ಚಬೇಡಿ. "ಬೀಳುವ ಚಿಂತೆಯೇ ಇಲ್ಲ" ಎಂಬ ಮಾತನ್ನೂ ಇವತ್ತೇ ಮನಸ್ಸಿನಿಂದ ತೆಗೆದುಬಿಡಿ. ಆ ಮಾತನ್ನು ನಂಬಿಯೇ ನಾನು ಮೊದಲ ದಿನ ಗೋಡೆಗೆ ಹೋಗಿ ಗುದ್ದುತ್ತಿದ್ದೆ.

ನನ್ನದು ಮೊಣಕಾಲಲ್ಲ, ಬಲಗಾಲಿನ ಹಿಮ್ಮಡಿ ಗಂಟು. ಅದು ಮುರಿದು ಕೂಡಿದ ಮೇಲೆ ಹಿಂದೆ ಎರಡು ಗಾಲಿ ಇರುವ ಸ್ಕೂಟರ್ ತಗೊಂಡೆ. ಧಾರವಾಡದ ಒಂದು ಶಾಲೆಯ ಮೈದಾನದಲ್ಲಿ ಭಾನುವಾರ ಮುಂಜಾನೆ ಕಲಿಯಲು ಹೋದೆ. ಮೂವತ್ತು ವರ್ಷ ಗಾಡಿ ಓಡಿಸಿದವನಿಗೆ ಕಲಿಯಲು ಏನಿದೆ ಅನ್ನೋ ಧೈರ್ಯ ನನಗಿತ್ತು. ಮೈದಾನದ ತುದಿಯಲ್ಲಿ ಎಡಕ್ಕೆ ತಿರುಗಬೇಕಿತ್ತು. ಮೈ ತಾನಾಗಿ ಎಡಕ್ಕೆ ವಾಲಿತು. ಎಡಗೈ ತಾನಾಗಿ ಹ್ಯಾಂಡಲನ್ನು ಮುಂದಕ್ಕೆ ಒತ್ತಿತು. ಗಾಡಿ ಬಲಕ್ಕೆ ಹೋಯಿತು! ಎದುರಿಗೆ ಕಂಪೌಂಡ್ ಗೋಡೆ. ಗಾಬರಿಯಲ್ಲಿ ಇನ್ನೂ ಜೋರಾಗಿ ಒತ್ತಿದೆ. ಇನ್ನೂ ಬಲಕ್ಕೆ ಹೋಯಿತು. ಬ್ರೇಕ್ ಹಿಡಿದು ನಿಂತಾಗ ಗೋಡೆಗೂ ಮುಂದಿನ ಗಾಲಿಗೂ ನಡುವೆ ಒಂದು ಮೊಳ ಇತ್ತು.

ಹೀಗೆ ಯಾಕಾಯಿತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪತ್ರದ ಉಳಿದ ಎಲ್ಲ ಪ್ರಶ್ನೆಗಳಿಗಿಂತ ನಿಮಗೆ ಇದು ಮುಖ್ಯ.

ಎರಡು ಗಾಲಿಯ ಗಾಡಿ ತಿರುಗುವುದು ವಾಲಿ. ಬಹಳ ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ತಿರುಗಿಸಿದ ಕಡೆಗೇ ಹೋಗುತ್ತದೆ, ನಿಜ. ಸ್ವಲ್ಪ ಸ್ಪೀಡ್ ಬಂದ ಮೇಲೆ ಹಾಗಲ್ಲ. ಎಡಕ್ಕೆ ಹೋಗಬೇಕಾದರೆ ನಾವು ಎಡಗೈ ಹಿಡಿಯನ್ನು ತುಸು ಮುಂದಕ್ಕೆ ಒತ್ತುತ್ತೇವೆ. ಮುಂದಿನ ಗಾಲಿ ಒಂದು ಕ್ಷಣ ಬಲಕ್ಕೆ ತಿರುಗುತ್ತದೆ, ಆಗ ಗಾಡಿ ಎಡಕ್ಕೆ ವಾಲುತ್ತದೆ, ವಾಲಿದ ಮೇಲೆ ಎಡಕ್ಕೆ ತಿರುಗುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಮೈಯೇ ಕಲಿತಿದೆ. 38 ವರ್ಷ ಇದನ್ನೇ ಮಾಡಿದ್ದೀರಿ, ಮಾಡುತ್ತಿದ್ದೀರಿ ಅಂತ ನಿಮಗೇ ಗೊತ್ತಿರಲಿಕ್ಕಿಲ್ಲ.

ನಾವು ಮಾತಾಡುತ್ತಿರುವ ತರಹದ ಮೂರು ಗಾಲಿಯದು ವಾಲುವುದಿಲ್ಲ. ಹ್ಯಾಂಡಲ್ ಯಾವ ಕಡೆಗೋ ಗಾಡಿ ಆ ಕಡೆಗೆ, ಅಷ್ಟೇ. ಎಡಕ್ಕೆ ಹೋಗಬೇಕಾದರೆ ಎಡಗೈ ಎಳೆಯಬೇಕು, ಬಲಗೈ ಒತ್ತಬೇಕು. ಶಾಂತವಾಗಿದ್ದಾಗ ಇದು ಸುಲಭ. ಎದುರಿಗೆ ನಾಯಿ ಅಡ್ಡ ಬಂದಾಗ ಕೈ ಮಾಡುವುದು ಹಳೇ ಕೆಲಸವನ್ನೇ. ಹಾಗಾಗಿ ಹೊಸದಾಗಿ ಕಲಿಯುವವರಿಗಿಂತ ನಮ್ಮಂಥ ಹಳಬರಿಗೇ ಮೊದಲ ಒಂದು ತಿಂಗಳು ಅಪಾಯ ಜಾಸ್ತಿ. ನೀವು ಸಾವಿರಾರು ಮಕ್ಕಳಿಗೆ ಅಕ್ಷರ ತಿದ್ದಿಸಿದವರು. ಈಗ ಕೈಗೆ ಹೊಸದಾಗಿ ತಿದ್ದಿಸಬೇಕು.

ಊರಲ್ಲಿ ಟಂಟಂ, ಅಂದರೆ ಮೂರು ಗಾಲಿಯ ದೊಡ್ಡ ಆಟೋ, ಓಡಿಸುವವರನ್ನು ಒಂದು ದಿನ ಸುಮ್ನೆ ನಿಂತು ನೋಡಿ. ತಿರುವು ಬಂದಾಗ ಆತ ಎರಡೂ ಕೈಯಿಂದ ಹ್ಯಾಂಡಲ್ ತಿರುಗಿಸುತ್ತಾನೆ, ಮೈಯನ್ನು ಒಳಗಡೆಗೆ ಹಾಕುತ್ತಾನೆ. ಗಾಡಿ ವಾಲದಿದ್ದರೂ ಮೈ ವಾಲಬೇಕು. ಯಾಕೆಂದರೆ ತಿರುವಿನಲ್ಲಿ ಮೈ ಹೊರಕ್ಕೆ ಎಳೆಯುತ್ತದೆ. ಬುಲೆಟ್ ಮೇಲೆ ಅದು ನಿಮಗೆ ಗೊತ್ತಾಗುತ್ತಿರಲಿಲ್ಲ, ಗಾಡಿ ನಿಮ್ಮ ಜತೆಗೇ ವಾಲುತ್ತಿತ್ತು. ಇಲ್ಲಿ ಸೀಟಿನಿಂದ ಯಾರೋ ಪಕ್ಕಕ್ಕೆ ದಬ್ಬಿದ ಹಾಗೆ ಆಗುತ್ತದೆ.

ಇನ್ನು ಬೀಳುವ ಮಾತು. ಮನೆಯಲ್ಲಿ ಮುಕ್ಕಾಲಿ ಇದೆಯಾ? ಅದರ ಮೇಲೆ ಕೂತು, ಮುಕ್ಕಾಲಿಯ ಎರಡು ಕಾಲುಗಳ ನಡುವಿನ ಖಾಲಿ ಕಡೆಗೆ ಬಗ್ಗಿದರೆ ಅದು ಮಗುಚುತ್ತದೆ. ಮೂರು ಗಾಲಿಯ ಗಾಡಿಯೂ ಅದೇ. ಮುಂದೆ ಒಂದು, ಹಿಂದೆ ಎರಡು ಇದ್ದರೆ ಮುಂದಿನ ಎರಡೂ ಮೂಲೆ ಖಾಲಿ. ಬಲಕ್ಕೆ ತಿರುಗುತ್ತಾ ಬ್ರೇಕ್ ಹಿಡಿದರೆ ಭಾರವೆಲ್ಲ ಮುಂದೆ ಎಡಕ್ಕೆ, ಅಂದರೆ ಗಾಲಿಯೇ ಇಲ್ಲದ ಮೂಲೆಗೆ ಹೋಗುತ್ತದೆ. ಒಳಗಡೆಯ ಹಿಂದಿನ ಗಾಲಿ ಏಳುತ್ತದೆ. ತುಂಬಿದ ಟಂಟಂ ತಿರುವಿನಲ್ಲಿ ಮಗುಚುವುದು ಹೀಗೇ. ಹಾಗಾಗಿ ಸ್ಪೀಡ್ ಕಮ್ಮಿ ಮಾಡುವುದು ತಿರುವಿನ ಮುಂಚೆ, ಗಾಡಿ ನೆಟ್ಟಗೆ ಇದ್ದಾಗ. ತಿರುವಿನ ಒಳಗೆ ಬ್ರೇಕ್ ಬೇಡ. ಗಾಲಿ ಎದ್ದಿತು ಅನಿಸಿದರೆ ಜಾಗ ನೋಡಿಕೊಂಡು ಹ್ಯಾಂಡಲ್ ಸ್ವಲ್ಪ ಸಡಿಲ ಬಿಡಿ, ತಾನೇ ಇಳಿಯುತ್ತದೆ. ಉಳ್ಳಾಗಡ್ಡಿ ಚೀಲ ಕಟ್ಟುವುದಾದರೆ ಒಂದರ ಮೇಲೊಂದು ಏರಿಸಬೇಡಿ. ತಳಕ್ಕೆ, ಹಿಂದಿನ ಗಾಲಿಗಳ ನಡುವೆ ಇರಲಿ.

ಕಾಲಿನ ವಿಷಯ ನನಗೆ ಹೇಳಿಕೊಟ್ಟವರು ಹುಬ್ಬಳ್ಳಿಯ ಒಬ್ಬ ಝೆರಾಕ್ಸ್ ಅಂಗಡಿಯವರು. ಸಣ್ಣವರಿದ್ದಾಗಲೇ ಪೋಲಿಯೊ ಆಗಿ ಕಾಲು ಸೊರಗಿದೆ. ದಿನಾ ಉಣಕಲ್ಲಿನಿಂದ ಕೊಪ್ಪೀಕರ್ ರಸ್ತೆ ದಾಟಿ ಬರುತ್ತಾರೆ. ಒಂದು ದಿನ ಚನ್ನಮ್ಮ ಸರ್ಕಲ್ ಹತ್ತಿರ ಸಿಗ್ನಲ್ಲಿಗೆ ನಾನು ಗಾಡಿ ನಿಧಾನ ಮಾಡಿದೆ. ಅಭ್ಯಾಸಬಲ, ಎಡಗಾಲು ಕೆಳಗೆ ಇಟ್ಟೆ. ಪಕ್ಕದಲ್ಲೇ ಇದ್ದ ಅವರು, "ಸರ, ಕಾಲ ಮ್ಯಾಲ ತಗೋರಿ! ಗಾಲಿ ಹಿಂದ ಐತಿ" ಎಂದು ಕೂಗಿದರು. ತಿರುಗಿ ನೋಡಿದರೆ ನನ್ನ ಚಪ್ಪಲಿಯ ಹಿಮ್ಮಡಿಗೆ ಹಿಂದಿನ ಗಾಲಿ ತಾಗಿ ನಿಂತಿತ್ತು. ಇನ್ನು ನಾಲ್ಕು ಬೆರಳು ಮುಂದೆ ಹೋಗಿದ್ದರೆ ಕಾಲಿನ ಮೇಲೆ ಹತ್ತುತ್ತಿತ್ತು. ಮಾಸ್ತರರೇ, ನಿಮ್ಮದು ಆಪರೇಶನ್ ಆದ ಕಾಲು. ಮೊದಲ ವಾರ ಯಾರಾದರೂ ಜತೆಗೆ ನಡೆಯುತ್ತಾ "ಕಾಲು, ಕಾಲು" ಅಂತ ನೆನಪಿಸುತ್ತಿರಲಿ. ನಿಂತಾಗಲೂ ಎರಡೂ ಪಾದ ಮೇಲೆಯೇ. ನಿಂತ ಗಾಡಿಯನ್ನು ಕಾಲಿನಲ್ಲಿ ಹಿಡಿಯುವ ಕೆಲಸ ನಿಮಗೆ ಇನ್ನಿಲ್ಲ. ಮೂರು ಗಾಲಿಗೆ ಬರುವ ದೊಡ್ಡ ಸುಖವೇ ಅದು.

ಆಡಿಕೊಳ್ಳುವವರ ವಿಷಯಕ್ಕೆ ಬರುತ್ತೇನೆ. ಆ ಅಂಗಡಿಯವರು, ಅವರಂಥ ನೂರಾರು ಜನ, ನಮ್ಮ ಊರುಗಳ ಟ್ರಾಫಿಕ್ಕಿನಲ್ಲಿ ದಿನಾ ಈ ಗಾಡಿ ಓಡಿಸಿ ದುಡಿದು ಮನೆ ನಡೆಸುತ್ತಿದ್ದಾರೆ. ಅವರ ಗಾಡಿ ಅನ್ನಿಸಿಕೊಳ್ಳುವುದರಲ್ಲಿ ನಾಚಿಕೆ ಏನಿದೆ? ಈ ವಿದ್ಯೆಯಲ್ಲಿ ಅವರು ನನಗಿಂತ, ನಿಮಗಿಂತ ಹಿರಿಯರು. ಕಲಿಯಲು ಅವರ ಹತ್ತಿರವೇ ಹೋಗಿ. ಇನ್ನು ಚರಿತ್ರೆ ಬೇಕಾದರೆ, ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೋಟಾರು ಗಾಡಿಗೆ ಇದ್ದದ್ದೂ ಮೂರೇ ಗಾಲಿ. ಹಾರ್ಲೆ ಡೇವಿಡ್‌ಸನ್ ಕಂಪನಿ 1932ರಿಂದ 1973ರವರೆಗೆ ಸರ್ವಿ-ಕಾರ್ ಎಂಬ ಮೂರು ಗಾಲಿಯ ಗಾಡಿ ಮಾಡಿತು. ಅಮೆರಿಕದ ಪೊಲೀಸರು ಅದನ್ನು ಓಡಿಸುತ್ತಿದ್ದರು. ಮುಂದೆ ಎರಡು ಗಾಲಿ ಇರುವ ಕ್ಯಾನ್-ಆಮ್ ಸ್ಪೈಡರ್ 2007ರಲ್ಲಿ ಬಂತು. ಪಿಯಾಜಿಯೊದ ಎಂಪಿ3, ಯಮಾಹಾದ ನೈಕೆನ್ ಥರದವು ಮೂರು ಗಾಲಿ ಇದ್ದೂ ವಾಲುತ್ತವೆ. ಅವು ನಮ್ಮ ಹೊಲದ ದಾರಿಗೆ ಬರುವಂಥವಲ್ಲ, ಬಿಡಿ.

ಈಗ ನಿಮ್ಮ ಬುಲೆಟ್. 38 ವರ್ಷದ್ದು ಅಂದರೆ ಗೇರು ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ. ಅಂದರೆ ಬ್ರೇಕ್ ತುಳಿಯುವುದು ಆಪರೇಶನ್ ಆದ ಕಾಲಿನಿಂದಲೇ. ಕಿಕ್ ಹೊಡೆಯುವುದು ಬಲಗಾಲಿನಿಂದ, ಆಗ ಮೈಭಾರ ಪೂರ್ತಿ ಎಡ ಮೊಣಕಾಲಿನ ಮೇಲೆ. ಎಷ್ಟು ಗಾಲಿ ಹಾಕಿಸಿದರೂ ಇವೆರಡು ಬದಲಾಗುವುದಿಲ್ಲ. ಅದಕ್ಕೆ ರಿವರ್ಸ್ ಗೇರೂ ಇಲ್ಲ. ಅಷ್ಟು ಭಾರದ ಗಾಡಿಯನ್ನು ಹಿಂದಕ್ಕೆ ದಬ್ಬುವವರು ಯಾರು? ಬುಲೆಟ್ಟನ್ನು ಹಾಗೇ ಇಡಿ, ಆಗಾಗ ಮಗನ ಕೈಯಲ್ಲಿ ಚಾಲೂ ಮಾಡಿಸಿ. ನಿಮಗೆ ಗೇರಿಲ್ಲದ ಸ್ಕೂಟರ್ ಸಾಕು. ಎರಡೂ ಬ್ರೇಕ್ ಕೈಯಲ್ಲಿ, ಬಟನ್ ಒತ್ತಿದರೆ ಚಾಲೂ.

ಸ್ಕೂಟರಿಗೆ ಹಿಂದೆ ಗಾಲಿ ಹಾಕುವುದರಲ್ಲಿ ಎರಡು ತರಹ ಇದೆ. ಒಂದು, ಇರುವ ಗಾಲಿ ತೆಗೆದು ಎರಡು ಗಾಲಿಯ ಆಕ್ಸೆಲ್ ಕೂಡಿಸುವುದು. ಅದಕ್ಕೆ ಡಿಫರೆನ್ಶಿಯಲ್, ಅಂದರೆ ಎರಡು ಗಾಲಿಗಳನ್ನು ಬೇರೆ ಬೇರೆ ಸ್ಪೀಡಿನಲ್ಲಿ ತಿರುಗಲು ಬಿಡುವ ಗೇರು, ಬೇಕೇ ಬೇಕು. ತಿರುವಿನಲ್ಲಿ ಹೊರಗಿನ ಗಾಲಿ ಜಾಸ್ತಿ ದೂರ ಓಡುತ್ತದೆ. ಎರಡನ್ನೂ ಒಂದೇ ಸಲಾಕೆಗೆ ಬಿಗಿದರೆ ಗಾಡಿ ತಿರುಗಲು ಹಟ ಮಾಡುತ್ತದೆ. ಇನ್ನೊಂದು ನಮ್ಮ ಕಡೆ ಜಾಸ್ತಿ ಕಾಣುವ ಸೈಡ್ ವ್ಹೀಲ್. ಇರುವ ಗಾಲಿಯ ಎರಡೂ ಪಕ್ಕಕ್ಕೆ ಸಣ್ಣ ಗಾಲಿ ಬರುತ್ತವೆ, ಲೆಕ್ಕಕ್ಕೆ ನಾಲ್ಕು ಗಾಲಿ. ಓಡಿಸುವ ಮೈಗೆ ಅದೂ ಮೂರು ಗಾಲಿಯದರಂತೆಯೇ, ವಾಲುವುದಿಲ್ಲ. ಎಂಜಿನ್ ಓಡಿಸುವುದು ನಡುವಿನದನ್ನು ಮಾತ್ರ. ಇದು ಸರಳ, ಕೆಟ್ಟರೆ ನಿಮ್ಮ ಊರಲ್ಲೇ ರಿಪೇರಿ ಆಗುತ್ತದೆ. ನಿಮಗೆ ಇದೇ ಇರಲಿ ಅನ್ನುತ್ತೇನೆ. ಆದರೆ ಪಕ್ಕದ ಗಾಲಿಗಳಿಗೆ ಅವುಗಳದ್ದೇ ಸ್ಪ್ರಿಂಗ್ ಇರಬೇಕು. ಬಿಗಿಯಾಗಿ ವೆಲ್ಡ್ ಮಾಡಿದ್ದು ಬೇಡ. ಅಂಥದ್ದರಲ್ಲಿ ತಗ್ಗು ಬಂದಾಗ ಪಕ್ಕದ ಎರಡೂ ಗಾಲಿ ಅಂಚಿನ ಮೇಲೆ ಕೂತು, ನಡುವಿನ ಗಾಲಿ ಗಾಳಿಯಲ್ಲಿ ತಿರುಗುತ್ತದೆ. ಎಳೆಯುವ ಶಕ್ತಿಯೂ ಇಲ್ಲ, ಹಿಂದಿನ ಬ್ರೇಕೂ ಇಲ್ಲ.

ನಿಮ್ಮ ಹೊಲದ ದಾರಿಯನ್ನು ಟೇಪ್ ಹಿಡಿದು ಅಳೆಯಿರಿ. ಚಕ್ಕಡಿ ಗಾಲಿಗಳ ನಡುವಿನ ಅಗಲ ಜಾಸ್ತಿ, ನಿಮ್ಮ ಗಾಡಿಯದು ಕಮ್ಮಿ. ಬುಲೆಟ್ಟನ್ನು ಒಂದೇ ಜಾಡಿನಲ್ಲಿ ಇಳಿಸಿ ನೆಟ್ಟಗೆ ಹೋಗುತ್ತಿದ್ದಿರಿ. ಈಗ ಒಂದು ಗಾಲಿ ಜಾಡಿನಲ್ಲಿ, ಉಳಿದವು ದಿಂಡಿನ ಮೇಲೆ ಬಂದು ಗಾಡಿ ಪಕ್ಕಕ್ಕೆ ಸೊಟ್ಟಾಗುತ್ತದೆ. ಆಗ ಮೈಯನ್ನು ಎತ್ತರದ ಕಡೆಗೆ ಹಾಕಿ, ನಡಿಗೆಯ ಸ್ಪೀಡಿನಲ್ಲಿ ಹೋಗಿ. ನಡುವಿನ ದಿಂಡು ಅಗಲ ಇದ್ದ ಕಡೆ ಪೂರ್ತಿ ಅದರ ಮೇಲೆಯೇ ಹೋಗುವುದು ಒಳ್ಳೇದು. ಡಾಂಬರ್ ರಸ್ತೆಯಲ್ಲೂ ಒಂದು ಮಾತು. ನೀರು ಹರಿಯಲಿ ಅಂತ ರಸ್ತೆ ಅಂಚಿಗೆ ಇಳಿಜಾರು ಇರುತ್ತದೆ. ಗಾಡಿ ಸದಾ ಎಡಕ್ಕೆ ಎಳೆಯುತ್ತದೆ. ಮೊದಲ ವಾರ ಭುಜ ನೋಯುತ್ತದೆ, ಆಮೇಲೆ ಕೈ ಹಿಡಿತ ಸಡಿಲ ಮಾಡಲು ಕಲಿಯುತ್ತದೆ. ತಗ್ಗು ತಪ್ಪಿಸುವುದು ಕಷ್ಟ, ಮುಂದಿನ ಗಾಲಿ ತಪ್ಪಿಸಿದ್ದಕ್ಕೆ ಹಿಂದಿನದು ಬೀಳುತ್ತದೆ. ಆದರೆ ಆಷಾಢದಲ್ಲಿ ನಿಮ್ಮ ಕಪ್ಪತಗುಡ್ಡದ ಕಡೆಯ ಗಾಳಿ ಗೊತ್ತಲ್ಲ, ಬೈಕನ್ನು ರಸ್ತೆ ಬಿಟ್ಟು ದಬ್ಬುವಂಥದ್ದು. ಆ ಗಾಳಿಯಲ್ಲಿ ಈ ಗಾಡಿ ಬೈಕಿನ ಹಾಗೆ ಓಲಾಡುವುದಿಲ್ಲ.

ಕಾಗದಪತ್ರ ಮೊದಲು, ವೆಲ್ಡಿಂಗ್ ಆಮೇಲೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕೆ ಬೇರೆಯಾಗುವ ಹಾಗೆ ಗಾಡಿಯನ್ನು ನಮ್ಮ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ದೇಹದ ತೊಂದರೆ ಇದ್ದವರ ಬಳಕೆಗಾಗಿ ಬದಲಿಸಲು ಅದೇ ಕಲಂನಲ್ಲಿ ದಾರಿ ಇದೆ, ಅದಕ್ಕೆ ಆರ್‌ಟಿಒ ಒಪ್ಪಿಗೆ ಬೇಕು. ಇಂಥ ಗಾಡಿಗೆ ಲೈಸೆನ್ಸಿನಲ್ಲೂ ಬೇರೆ ವರ್ಗವೇ ಇದೆ. ಆಪರೇಶನ್ ಮಾಡಿದ ಡಾಕ್ಟರ ಹತ್ತಿರ ಗಾಡಿ ಓಡಿಸಬಹುದಾ ಅಂತ ಕೇಳಿ, ಪತ್ರ ಬರೆಸಿಕೊಂಡು ಗದಗಿನ ಆರ್‌ಟಿಒ ಕಚೇರಿಗೆ ನೀವೇ ಹೋಗಿ. ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ. ಹುಬ್ಬಳ್ಳಿಯ ಫಿಟ್ಟರ್ "ಅದೆಲ್ಲಾ ಏನೂ ಬ್ಯಾಡ್ರೀ" ಅಂದರೆ ಬೇರೆ ಫಿಟ್ಟರನ್ನು ನೋಡಿ.

ಗಾಡಿ ಬಂದ ಮೇಲೆ ಕಮ್ಮಿ ಅಂದರೂ ಹತ್ತು ದಿನ ರಸ್ತೆಗೆ ಇಳಿಸಬೇಡಿ. ಶಾಲೆ ಮೈದಾನದಲ್ಲಿ ನಾಲ್ಕು ಇಟ್ಟಂಗಿ ಇಟ್ಟು ಅವುಗಳ ನಡುವೆ ಎಂಟರ ಆಕಾರದಲ್ಲಿ ಸುತ್ತಿ. ನಡಿಗೆಯ ಸ್ಪೀಡಿನಿಂದ ಶುರು ಮಾಡಿ. ಒಂದು ಇಟ್ಟಂಗಿಯ ಮೇಲೆ ಹಿಂದಿನ ಗಾಲಿ ಹತ್ತಿದರೂ ಅವತ್ತು ರಸ್ತೆ ಬೇಡ, ಗಾಡಿಯ ಅಗಲ ಇನ್ನೂ ಕಣ್ಣಿಗೆ ಕೂತಿಲ್ಲ ಅಂತ ಅರ್ಥ. ಆಮೇಲೆ ಮಗ ಎದುರಿಗೆ ನಿಂತು ಇದ್ದಕ್ಕಿದ್ದಂತೆ "ಎಡಕ್ಕೆ", "ಬಲಕ್ಕೆ" ಅಂತ ಕೂಗಲಿ. ಯೋಚನೆ ಮಾಡದೆ ಕೈ ಸರಿಯಾದ ಕಡೆಗೆ ಹೋಗುವವರೆಗೂ ಇದನ್ನು ಮಾಡಿ. ನನಗೆ ಮೂರು ವಾರ ಹಿಡಿಯಿತು. ಆ ದಿನ ಮಗನ ಕಣ್ಣಿಗೂ ಅದು ಕಾಣುತ್ತದೆ, ಕೀಲಿಕೈ ಕೇಳಲು ಅದೇ ಒಳ್ಳೇ ಹೊತ್ತು.

ಮೊದಲ ಮಳೆ ಬಿದ್ದು ಎರಿ ಮಣ್ಣು ಹಸಿಯಾದ ಮೇಲೆ ಮತ್ತೆ ಬರೆಯಿರಿ. ಆ ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿಯನ್ನೇ ನಿಲ್ಲಿಸುವುದನ್ನು ಬುಲೆಟ್ಟಿನಲ್ಲಿ ನೋಡಿರುತ್ತೀರಿ. ಪಕ್ಕದ ಸಣ್ಣ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೂರು ಬೆರಳಾದರೂ ಜಾಗ ಬಿಡಿಸಿಕೊಳ್ಳಿ. ಅಷ್ಟು ಸಾಕಾಯಿತಾ, ಇಲ್ಲವಾ ಅಂತ ನೀವು ಬರೆದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ