ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕುವ, ತೆಗೆಯುವ ಪ್ಯಾಕೇಜ್ ಮ್ಯಾನೇಜರಿಗೆ ಗ್ರಾಫಿಕಲ್ ಇಂಟರ್‌ಫೇಸ್ ಮಾಡುತ್ತಿದ್ದೇನೆ. ಡಿಪೆಂಡೆನ್ಸಿಗಳನ್ನು (ಒಂದು ಪ್ಯಾಕೇಜಿಗೆ ಬೇಕಾಗುವ ಬೇರೆ ಪ್ಯಾಕೇಜುಗಳನ್ನು) ಮರದ ಆಕಾರದಲ್ಲಿ ತೋರಿಸಲೇ, ಪಟ್ಟಿಯಾಗಿ ತೋರಿಸಲೇ?

ಎರಡೂ ಬೇಡ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಕೂತಿದ್ದೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಒಂದು ಕಾಲೇಜಿನ ಲ್ಯಾಬಿನಲ್ಲಿ ಎಲ್ಲ ಮಷೀನುಗಳೂ ಡೆಬಿಯನ್ ಲಿನಕ್ಸ್. ಲ್ಯಾಬ್ ಅಸಿಸ್ಟೆಂಟರಿಗೆ ಪ್ಯಾಕೇಜ್ ಹಾಕುವ ಸಿನಾಪ್ಟಿಕ್ ಎಂಬ ಗ್ರಾಫಿಕಲ್ ಟೂಲ್ ಒಗ್ಗುತ್ತಿರಲಿಲ್ಲ. ಅದರಲ್ಲಿ ಮೊದಲು ಮಾರ್ಕ್ ಮಾಡಬೇಕು, ಆಮೇಲೆ ಅಪ್ಲೈ ಒತ್ತಬೇಕು. ಅವರು ಮಾರ್ಕ್ ಮಾಡಿ, ಕೆಲಸ ಆಯಿತೆಂದು ವಿಂಡೋ ಮುಚ್ಚಿಬಿಡುತ್ತಿದ್ದರು. ಹುಡುಕಿ, ಒತ್ತಿದರೆ ಸಾಕು ಅನ್ನುವಂಥ ಟೂಲೊಂದನ್ನು ಪೈಥಾನ್-ಆಪ್ಟ್ (ಡೆಬಿಯನ್ನಿನ ಪ್ಯಾಕೇಜ್ ಮ್ಯಾನೇಜರ್ ಆಪ್ಟ್ ಅನ್ನು ಪೈಥಾನಿನಿಂದ ನಡೆಸುವ ಲೈಬ್ರರಿ) ಬಳಸಿ ಬರೆಯಲು ಒಪ್ಪಿಕೊಂಡೆ. ಶ್ರಮವೆಲ್ಲ ಡಿಪೆಂಡೆನ್ಸಿ ಮರಕ್ಕೆ ಹೋಯಿತು. ಅದನ್ನು ಯಾರೂ ಬಿಚ್ಚಿ ನೋಡಲಿಲ್ಲ.

ಮುಳುವಾದದ್ದು ಒಂದೇ ಒಂದು ಸಾಲು. ಇದನ್ನು ಬಿಡಿಸಿಯೇ ಹೇಳಬೇಕು. ಯಾವ ಪ್ಯಾಕೇಜಿಗೆ ಏನೇನು ಬೇಕೆಂದು ಆಪ್ಟ್ ಲೆಕ್ಕ ಹಾಕಿದ ಮೇಲೆ, ಬದಲಾಗುವ ಪ್ಯಾಕೇಜುಗಳ ಪಟ್ಟಿಯನ್ನು ಗೆಟ್-ಚೇಂಜಸ್ ಎಂಬ ಫಂಕ್ಷನ್ ಕೊಡುತ್ತದೆ. ಹೊಸದಾಗಿ ಬರುವುದು, ಅಪ್‌ಗ್ರೇಡ್ ಆಗುವುದು, ತೆಗೆದುಹಾಕುವುದು, ಮೂರೂ ಒಂದೇ ಪಟ್ಟಿಯಲ್ಲಿ. ಯಾವುದು ಯಾವ ಬಗೆ ಅನ್ನುವುದನ್ನು ಒಂದೊಂದು ಪ್ಯಾಕೇಜಿನ ಮೇಲಿರುವ ಗುರುತು ನೋಡಿ ತಿಳಿಯಬೇಕು. ನಾನು ಗುರುತು ನೋಡದೆ ಪಟ್ಟಿಯನ್ನು ಎಣಿಸಿ, ‘ಇಷ್ಟು ಪ್ಯಾಕೇಜುಗಳು ಬದಲಾಗಲಿವೆ’ ಎಂದು ಒಂದೇ ಅಂಕಿ ತೋರಿಸಿ, ಕೆಳಗೆ ‘ಸರಿ’ ಬಟನ್ ಇಟ್ಟೆ. ನನ್ನ ಮಷೀನಿನಲ್ಲಿ ಬರೀ ಅಧಿಕೃತ ರೆಪೊಸಿಟರಿ (ಪ್ಯಾಕೇಜುಗಳ ಭಂಡಾರ) ಇದ್ದುದರಿಂದ ಯಾವುದೂ ಕಿತ್ತುಹೋಗುವ ಸಂದರ್ಭವೇ ಬರಲಿಲ್ಲ. ಲ್ಯಾಬಿನಲ್ಲಿ ಯಾರೋ ಹೊರಗಿನ ರೆಪೊಸಿಟರಿಯೊಂದನ್ನು ಸೇರಿಸಿದ್ದರು. ಒಂದು ವಿಡಿಯೋ ಎಡಿಟರಿಗೆ ಅದರಲ್ಲಿದ್ದ ಹೊಸ ಲೈಬ್ರರಿ ಬೇಕಿತ್ತು, ಡೆಸ್ಕ್‌ಟಾಪಿಗೆ, ಅಂದರೆ ವಿಂಡೋ, ಮೆನು ತೋರಿಸುವ ಭಾಗಕ್ಕೆ, ಹಳೆಯದೇ ಬೇಕಿತ್ತು. ಆಪ್ಟ್ ತನ್ನ ಲೆಕ್ಕದ ಪ್ರಕಾರ ಸರಿಯಾಗಿಯೇ, ಡೆಸ್ಕ್‌ಟಾಪನ್ನು ತೆಗೆಯಲು ತೀರ್ಮಾನಿಸಿತು. ಡೆಬಿಯನ್‌ನಲ್ಲಿ ಡೆಸ್ಕ್‌ಟಾಪ್ ‘ಎಸೆನ್ಷಿಯಲ್’ (ತೆಗೆಯಬಾರದೆಂದು ಗುರುತಿಸಿದ) ಪ್ಯಾಕೇಜ್ ಅಲ್ಲ, ಹಾಗಾಗಿ ಕೆಳಗಿನ ಹಂತದಲ್ಲೂ ಯಾವ ತಡೆಯೂ ಇರಲಿಲ್ಲ. ತೆರೆಯ ಮೇಲಿನ ಅಂಕಿ ದಿನನಿತ್ಯದ ಹಾಗೆಯೇ ಕಂಡಿತು. ಲ್ಯಾಬ್ ಅಸಿಸ್ಟೆಂಟರು ‘ಸರಿ’ ಒತ್ತಿದರು. ರೀಬೂಟ್ ಮಾಡಿ ನೋಡುವ ಮೊದಲೇ ಸಾಲಿನ ಉಳಿದ ಮಷೀನುಗಳಲ್ಲೂ ಅದನ್ನೇ ಮಾಡಿದರು. ಮರುದಿನ ಬೆಳಿಗ್ಗೆ ಎಲ್ಲದರಲ್ಲೂ ಕಪ್ಪು ತೆರೆ, ಅದರಲ್ಲೊಂದು ಲಾಗಿನ್ ಪ್ರಾಂಪ್ಟ್. ಪ್ರಾಕ್ಟಿಕಲ್ ಪರೀಕ್ಷೆ ಎದುರಿಗಿತ್ತು. ಕಾಲೇಜು ವಿಂಡೋಸ್‌ಗೆ ಮರಳಿತು, ನನ್ನ ಕೆಲಸ ಅಲ್ಲಿಗೇ ನಿಂತಿತು.

ಎಚ್ಚರಿಕೆ ಕೊಟ್ಟಿದ್ದರೆ ಸಾಕಿತ್ತು ಅನ್ನಬೇಡಿ. 2021ರಲ್ಲಿ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಲಿನಕ್ಸ್‌ನಲ್ಲಿ ಸ್ಟೀಮ್ ಎಂಬ ಗೇಮ್ ಆಪ್ ಹಾಕಲು ಹೋದಾಗ ಆಪ್ಟ್ ಎಚ್ಚರಿಸಿತ್ತು, ‘ಎಸ್, ಡೂ ಆಸ್ ಐ ಸೇ’ ಎಂದು ಟೈಪ್ ಮಾಡಿ ಅಂತಲೂ ಕೇಳಿತ್ತು. ಅವರು ಟೈಪ್ ಮಾಡಿದರು, ಡೆಸ್ಕ್‌ಟಾಪ್ ಹೋಯಿತು. ಉದ್ದದ ಪ್ಯಾಕೇಜ್ ಹೆಸರುಗಳ ರಾಶಿಯಲ್ಲಿ ಎಚ್ಚರಿಕೆ ಹೂತುಹೋಗಿತ್ತು. ಜನ ಓದುವುದಿಲ್ಲ ಎಂದು ಬಯ್ಯುವವರನ್ನು ನಾನು ಒಪ್ಪುವುದಿಲ್ಲ, ಓದುವಂತೆ ಬರೆಯುವುದು ನಮ್ಮ ಕೆಲಸ. 2025ರ ಆಪ್ಟ್ 3.0 ನೋಡಿ. ತೆಗೆದುಹಾಕುವ ಪ್ಯಾಕೇಜುಗಳನ್ನು ಬೇರೆಯಾಗಿ, ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಟರ್ಮಿನಲ್‌ನಲ್ಲೇ ಇಷ್ಟು ಸಾಧ್ಯವಾದರೆ ನಿಮ್ಮ ವಿಂಡೋದಲ್ಲಿ ಆಗದೇ?

ಹಾಗಾಗಿ ಮರವನ್ನು ಕೈಬಿಟ್ಟು, ಕೊನೆಯ ಒಪ್ಪಿಗೆಯ ತೆರೆಗೆ ನಿಮ್ಮ ಸಮಯ ಕೊಡಿ. ಏನೂ ಕಿತ್ತುಹೋಗದಿದ್ದರೆ ಆ ತೆರೆಯೇ ಬೇಡ, ಸುಮ್ಮನೆ ಹಾಕಿಬಿಡಿ. ಕಿತ್ತುಹೋಗುವುದಿದ್ದರೆ ಬಟನ್ ಮೇಲೆ ‘ಸರಿ’ ಅಂತ ಬರೆಯಬೇಡಿ, ‘ಡೆಸ್ಕ್‌ಟಾಪ್ ತೆಗೆದುಹಾಕು’ ಅಂತ ಬರೆಯಿರಿ. ಇನ್ನೊಂದು ಮಾತು: ಡೌನ್‌ಲೋಡ್ ಆಗುವಾಗ ಮಾತ್ರ ‘ರದ್ದು’ ಬಟನ್ ಇರಲಿ. ಆಪ್ಟ್ ಕೆಳಗೆ ಪ್ಯಾಕೇಜುಗಳನ್ನು ಹಾಕುವ ಡಿಪಿಕೆಜಿ ಎಂಬ ಪ್ರೋಗ್ರಾಂ ಫೈಲುಗಳನ್ನು ಬಿಚ್ಚಲು ಶುರು ಮಾಡಿದ ಮೇಲೆ ಅದು ಕಾಣಲೇಬಾರದು, ಅರ್ಧಕ್ಕೆ ನಿಂತ ಸಿಸ್ಟಮ್ ಸರಿಮಾಡುವುದು ಬಳಕೆದಾರರಿಂದ ಆಗುವ ಕೆಲಸವಲ್ಲ.

ಬಿಡುಗಡೆಗೆ ಮೊದಲು ಈಕ್ವಿವ್ಸ್ ಎಂಬ ಟೂಲ್ ಬಳಸಿ ಒಂದು ಖಾಲಿ ಪ್ಯಾಕೇಜ್ ಮಾಡಿ, ಅದರ ಕಾನ್‌ಫ್ಲಿಕ್ಟ್ಸ್ (ಯಾವುದರ ಜೊತೆ ಇರಲಾಗದು ಎಂದು ಹೇಳುವ) ಸಾಲಿನಲ್ಲಿ ನಿಮ್ಮ ಡೆಸ್ಕ್‌ಟಾಪ್ ಪ್ಯಾಕೇಜಿನ ಹೆಸರು ಬರೆದು, ವರ್ಚುವಲ್ ಮಷೀನಿನಲ್ಲಿ ಒಂದು ಲೋಕಲ್ ರೆಪೊಸಿಟರಿಗೆ ಹಾಕಿ. ಕೋಡ್ ಬರೆಯದ ಒಬ್ಬರನ್ನು ಕೂರಿಸಿ, ಏನೂ ಹೇಳದೆ ಅದನ್ನು ಇನ್‌ಸ್ಟಾಲ್ ಮಾಡಲು ಕೇಳಿ. ಅವರು ತಡೆಯದೆ ಒತ್ತಿಬಿಟ್ಟರೆ ಆ ತೆರೆಯನ್ನು ಮತ್ತೆ ಮೊದಲಿಂದ ಮಾಡಿ.