ಜಂಟಿ ಖಾತೆ ಮೈನಸ್ಸಿನಲ್ಲಿ, ಯಜಮಾನರು ದಿವಾಳಿಯ ಹೊಸ್ತಿಲಲ್ಲಿ

ಪ್ರಶ್ನೆ: ಮೇಡಂ, ನಾನು ಶಾಲಾ ಶಿಕ್ಷಕಿ. ನನ್ನ ಯಜಮಾನರು ಹನ್ನೊಂದು ವರ್ಷ ಪ್ರಿಂಟಿಂಗ್ ಪ್ರೆಸ್ ನಡೆಸಿದರು. ಈಗ ಅದು ಮುಚ್ಚಿದೆ. ಕಾಗದ ಕೊಟ್ಟವರು, ಇಂಕು ಕೊಟ್ಟವರು, ಕೈಸಾಲ ಕೊಟ್ಟವರು ಎಲ್ಲರೂ ಬಾಗಿಲಿಗೆ ಬರುತ್ತಿದ್ದಾರೆ. ‘ದಿವಾಳಿ ಅರ್ಜಿ ಹಾಕೋಣ’ ಎಂದು ವಕೀಲರು ಹೇಳಿದ್ದಾರೆ. ನಮ್ಮಿಬ್ಬರ ಹೆಸರಿನಲ್ಲಿ ಒಂದು ಓಡಿ ಖಾತೆ (ಓವರ್‌ಡ್ರಾಫ್ಟ್, ದುಡ್ಡಿಲ್ಲದಿದ್ದರೂ ಒಂದು ಮಿತಿಯವರೆಗೆ ಸಾಲವಾಗಿ ತೆಗೆಯಬಹುದಾದ ಖಾತೆ) ಇದೆ. ಮಿತಿ ಮೂರು ಲಕ್ಷ, ಇವತ್ತಿನ ಬಾಕಿ ಮೂರು ಲಕ್ಷ ನಲವತ್ತೆರಡು ಸಾವಿರ. ನನ್ನ ಸಂಬಳವೂ ಅದಕ್ಕೇ ಬೀಳುತ್ತದೆ, ಬಿದ್ದ ದಿನವೇ ಮಾಯ. ನಾನು ಅದರಿಂದ ತೆಗೆದದ್ದು ಮಕ್ಕಳ ಫೀಸಿಗೆ ಮಾತ್ರ. ಇವರು ಒಮ್ಮೆ ‘ನಾನು ದಿವಾಳಿಯಾದರೆ ನನ್ನ ಅರ್ಧ ಹೋಗುತ್ತೆ, ನಿನ್ನ ಅರ್ಧ ಕಟ್ಟಿದರಾಯ್ತು’ ಅನ್ನುತ್ತಾರೆ. ಇನ್ನೊಮ್ಮೆ ‘ಕಾರು ಮಾರಿ ಮೊದಲು ಈ ಖಾತೆ ಚುಕ್ತಾ ಮಾಡಿ ಆಮೇಲೆ ಅರ್ಜಿ ಹಾಕ್ತೀನಿ’ ಅನ್ನುತ್ತಾರೆ. ಯಾವುದು ಸರಿ? ನಾನೂ ಅರ್ಜಿ ಹಾಕಬೇಕೆ?
— ಹೆಸರು ಬೇಡ

ಉತ್ತರ: ಎರಡೂ ಸರಿಯಲ್ಲ. ಮೊದಲನೆಯದು ತಪ್ಪು ಲೆಕ್ಕ, ಎರಡನೆಯದು ಒಳ್ಳೆಯ ಮನಸ್ಸಿನಿಂದ ಇಡಲು ಹೊರಟ ತಪ್ಪು ಹೆಜ್ಜೆ. ಅವೆರಡನ್ನೂ ಬಿಡಿಸಿ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಕೆಲಸ ಇದೆ: ಮುಂದಿನ ಸಂಬಳ ಆ ಖಾತೆಗೆ ಬೀಳದ ಹಾಗೆ ನೋಡಿಕೊಳ್ಳಿ. ಶಾಲೆಯ ಕಚೇರಿಗೆ ಹೋಗಿ ಖಾತೆ ಸಂಖ್ಯೆ ಬದಲಿಸಲು ಅರ್ಜಿ ಕೊಟ್ಟು ಬಂದ ಮೇಲೆ ಉಳಿದದ್ದನ್ನು ಓದಿದರೂ ನಡೆಯುತ್ತದೆ.

ಯಾಕೆ ಇಷ್ಟು ಅವಸರ ಅಂದರೆ, ಓಡಿ ಖಾತೆಗೆ ಬಿದ್ದ ದುಡ್ಡು ನಿಮ್ಮ ಹೆಸರು ಬರೆದುಕೊಂಡು ಒಂದು ಮೂಲೆಯಲ್ಲಿ ಕೂರುವುದಿಲ್ಲ. ಬಾಕಿಯಲ್ಲಿ ಎಲ್ಲಕ್ಕಿಂತ ಹಳೆಯದು ಯಾವುದೋ ಅದನ್ನು ಮೊದಲು ತೀರಿಸುತ್ತದೆ. 1816ರಲ್ಲಿ ಇಂಗ್ಲೆಂಡಿನ ಕ್ಲೇಟನ್ ಪ್ರಕರಣದಲ್ಲಿ ತೀರ್ಮಾನವಾದ ನಿಯಮ ಇದು. ಬ್ಯಾಂಕಿನ ಬಡ್ತಿ ಪರೀಕ್ಷೆ ಬರೆದ ನಮ್ಮಂಥವರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇವೆ: ಮೊದಲು ಬಿದ್ದ ಜಮೆ, ಮೊದಲು ಎದ್ದ ಸಾಲಕ್ಕೆ. ನಿಮ್ಮ ಯಜಮಾನರು ಪ್ರೆಸ್ಸಿಗೆಂದು ತೆಗೆದದ್ದು ಹಳೆಯದು, ನೀವು ಫೀಸಿಗೆ ತೆಗೆದದ್ದು ಹೊಸದು ಎಂದಿಟ್ಟುಕೊಳ್ಳಿ. ನಿಮ್ಮ ಸಂಬಳ ಪ್ರೆಸ್ಸಿನ ಬಾಕಿಯನ್ನು ತೀರಿಸಿ ಮುಗಿಯುತ್ತದೆ, ಫೀಸಿನ ಬಾಕಿ ಹಾಗೇ ನಿಂತಿರುತ್ತದೆ.

ಜಂಟಿ ಓಡಿಯಲ್ಲಿ ಒಬ್ಬರು ದಿವಾಳಿ ಎಂಬ ಸುದ್ದಿ ಬಂದ ಕೂಡಲೇ ಮ್ಯಾನೇಜರು ಖಾತೆಗೆ ಬೀಗ ಹಾಕಿ ಆ ದಿನದ ಬಾಕಿಗೆ ಗೆರೆ ಎಳೆಯುವುದೂ ಇದೇ ಕಾರಣಕ್ಕೆ. ಎಳೆಯದೆ ಬಿಟ್ಟರೆ ಹೊಸ ಜಮೆಗಳು ಹಳೆಯ ಬಾಕಿಯನ್ನು ತೀರಿಸುತ್ತಾ ಹೋಗಿ, ದಿವಾಳಿಯಾದವರ ಆಸ್ತಿಯಲ್ಲಿ ಬ್ಯಾಂಕಿಗೆ ಕೇಳಲು ಏನೂ ಉಳಿಯುವುದಿಲ್ಲ. ಬ್ಯಾಂಕು ತನ್ನ ಹಿತಕ್ಕೆ ಹಾಕಿಕೊಳ್ಳುವ ಬೀಗ ಅದು. ಆದರೆ ಹಾಕುವ ಹಿಂದಿನ ದಿನ ನಿಮ್ಮ ಸಂಬಳ ಒಳಗೆ ಹೋಗಿದ್ದರೆ, ಅದು ಹೋದಂತೆಯೇ.

ನಾನು ವಸೂಲಿ ವಿಭಾಗದಲ್ಲಿದ್ದ ಕಾಲದಲ್ಲಿ ಒಬ್ಬ ನರ್ಸ್ ಬಂದಿದ್ದರು. ಕೈಯಲ್ಲಿ ಒಂದು ನೂರು ಪುಟದ ನೋಟ್‌ಬುಕ್. ‘ಏಳು ತಿಂಗಳ ಸಂಬಳ ಹಾಕಿದೀನಿ ಮೇಡಂ, ಸಾಲ ಯಾಕೆ ಇಳಿದಿಲ್ಲ?’ ಎಂದರು. ಪ್ರತಿ ಜಮೆಯನ್ನೂ ತಾರೀಖಿನ ಸಮೇತ ಬರೆದಿಟ್ಟಿದ್ದರು, ತೆಗೆದದ್ದನ್ನು ಮಾತ್ರ ಬರೆದಿರಲಿಲ್ಲ, ಏಕೆಂದರೆ ಅವರು ತೆಗೆದೇ ಇರಲಿಲ್ಲ. ನಾನು ಸ್ಕ್ರೀನನ್ನು ಅವರ ಕಡೆ ತಿರುಗಿಸಿದೆ. ಸಂಬಳ ಬಿದ್ದ ಎರಡನೇ ದಿನ, ಮೂರನೇ ದಿನ, ತಿಂಗಳು ತಪ್ಪದೆ ಎಟಿಎಂ. ಕಾರ್ಡು ಗಂಡನ ಹತ್ತಿರ ಇತ್ತು. ಖಾತೆ ‘ಇಬ್ಬರಲ್ಲಿ ಯಾರಾದರೂ’ ನಡೆಸಬಹುದಾದ್ದು, ಹಾಗಾಗಿ ಗಂಡ ತೆಗೆದದ್ದರಲ್ಲಿ ಬ್ಯಾಂಕಿನ ದೃಷ್ಟಿಯಿಂದ ಏನೂ ತಪ್ಪಿಲ್ಲ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದು ಬಿಳಿ ಹಾಳೆ ಕೊಡಿ’ ಎಂದರು. ಆ ಹಾಳೆಯಲ್ಲಿ ಬರೆದದ್ದನ್ನೇ ನೀವೂ ಬರೆಯಿರಿ: ಈ ಖಾತೆಯಲ್ಲಿ ಇನ್ನು ಮುಂದೆ ನಮ್ಮಿಬ್ಬರ ಸಹಿ ಇಲ್ಲದೆ ಹಣ ಕೊಡಬೇಡಿ, ನನ್ನ ಕಾರ್ಡು ಇದರೊಂದಿಗೆ ವಾಪಸು, ಬಳಸದ ಚೆಕ್ ಹಾಳೆಗಳ ಸಂಖ್ಯೆ ಇವು. ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕೌಂಟರಿನಿಂದ ಕದಲಬೇಡಿ. ವಿಮೆ, ವಿದ್ಯುತ್, ಮೊಬೈಲ್ ಎಂದು ತಾನಾಗಿ ಕಡಿತವಾಗುವ ಕಂತುಗಳನ್ನು ಅದೇ ದಿನ ಬೇರೆ ಕಡೆಗೆ ತಿರುಗಿಸಿ. ಇಲ್ಲದಿದ್ದರೆ ಒಂದೊಂದು ಬೌನ್ಸಿಗೂ ದಂಡ ಬಿದ್ದು ಬಾಕಿ ಬೆಳೆಯುತ್ತದೆ. ‘ನನ್ನ ಹೆಸರನ್ನೇ ತೆಗೆದುಬಿಡಿ’ ಎಂದು ಕೇಳಿ ಪ್ರಯೋಜನವಿಲ್ಲ. ಬಾಕಿ ಇರುವ ಖಾತೆಯಿಂದ ಒಂದು ಹೆಸರನ್ನು ಬ್ಯಾಂಕು ಸುಮ್ಮನೆ ಬಿಟ್ಟುಕೊಡುವುದಿಲ್ಲ.

ಹೊಸ ಖಾತೆ ಬೇರೆ ಬ್ಯಾಂಕಿನಲ್ಲಿರಲಿ, ನಿಮ್ಮೊಬ್ಬರ ಹೆಸರಿನಲ್ಲಿರಲಿ. ಅದೇ ಬ್ಯಾಂಕಿನಲ್ಲಿ ತೆರೆದರೆ ಬ್ಯಾಂಕು ಸೆಟ್-ಆಫ್ ಎಂಬ ಹಕ್ಕು ಬಳಸಿ, ಜಂಟಿ ಬಾಕಿಗೆ ನಿಮ್ಮ ಒಂಟಿ ಖಾತೆಯಿಂದ ವಜಾ ಹಾಕಿಕೊಳ್ಳಬಹುದು. ಉಲ್ಟಾ ಹಾಗಲ್ಲ ನೋಡಿ. ಯಜಮಾನರೊಬ್ಬರದೇ ಸಾಲಕ್ಕೆ ಜಂಟಿ ಖಾತೆಯಲ್ಲಿರುವ ಜಮೆಯನ್ನು, ಬೇರೆ ಒಪ್ಪಂದ ಇಲ್ಲದಿದ್ದರೆ, ಬ್ಯಾಂಕು ಮುಟ್ಟುವಂತಿಲ್ಲ. ಈ ವ್ಯತ್ಯಾಸ ಕೌಂಟರಿನಲ್ಲಿರುವ ಎಷ್ಟೋ ಹುಡುಗರಿಗೂ ಗೊತ್ತಿರುವುದಿಲ್ಲ.

ಇನ್ನು ‘ನಿನ್ನ ಅರ್ಧ, ನನ್ನ ಅರ್ಧ’. ಓಡಿ ತೆಗೆಯುವಾಗ ನೀವಿಬ್ಬರೂ ಸಹಿ ಹಾಕಿದ ಪತ್ರದಲ್ಲಿ ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಎಂಬ ಮಾತು ಇರುತ್ತದೆ, ತೆಗೆದು ನೋಡಿ. ಅದರ ಅರ್ಥ, ಮೂರು ಲಕ್ಷ ನಲವತ್ತೆರಡು ಸಾವಿರವನ್ನೂ ಬ್ಯಾಂಕು ನಿಮ್ಮೊಬ್ಬರಿಂದಲೇ ಕೇಳಬಹುದು. ಯಾರು ತೆಗೆದರು, ಯಾತಕ್ಕೆ ತೆಗೆದರು ಎಂಬುದು ಬ್ಯಾಂಕಿಗೆ ಬೇಕಿಲ್ಲ. ಆ ಮಾತು ಪತ್ರದಲ್ಲಿ ಇಲ್ಲದಿದ್ದರೂ 1872ರ ಭಾರತೀಯ ಕರಾರು ಕಾಯ್ದೆಯ 43ನೇ ಕಲಂ ಅದನ್ನೇ ಹೇಳುತ್ತದೆ. ಅದೇ ಕಲಂ ನಿಮಗೂ ಒಂದು ಹಕ್ಕು ಕೊಟ್ಟಿದೆ: ಪೂರ್ತಿ ಕಟ್ಟಿದವರು ಇನ್ನೊಬ್ಬರ ಪಾಲನ್ನು ಅವರಿಂದ ವಸೂಲು ಮಾಡಬಹುದು. ಆದರೆ ಆ ಇನ್ನೊಬ್ಬರು ದಿವಾಳಿಯಾದ ಗಂಡನಾದರೆ ನೀವೂ ಕಾಗದದವರು, ಇಂಕಿನವರು ನಿಂತ ಸಾಲಿನಲ್ಲೇ ನಿಲ್ಲಬೇಕು.

ಅವರ ದಿವಾಳಿ ಅವರನ್ನು ಬಿಡಿಸುತ್ತದೆ, ನಿಮ್ಮನ್ನಲ್ಲ. ದಿವಾಳಿಗೆ ಸಂಬಂಧಿಸಿದ 1920ರ ಪ್ರಾವಿನ್ಶಿಯಲ್ ಇನ್ಸಾಲ್ವೆನ್ಸಿ ಕಾಯ್ದೆಯ 44ನೇ ಕಲಂ ಹೇಳುವುದು, ದಿವಾಳಿದಾರನಿಗೆ ಸಿಕ್ಕ ಬಿಡುಗಡೆ ಅವನ ಜತೆ ಸಾಲಕ್ಕೆ ಬದ್ಧರಾದವರಿಗೆ ಅನ್ವಯಿಸುವುದಿಲ್ಲ ಎಂದು. ಇಂಗ್ಲೆಂಡಿನ 1986ರ ಕಾಯ್ದೆಯೂ ಅದನ್ನೇ ಹೇಳುತ್ತದೆ, ಅಮೆರಿಕದ ಕಾಯ್ದೆಯೂ ಅದನ್ನೇ. ‘2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತಲ್ಲ, ಹಳೆಯ ಕಾಯ್ದೆ ಯಾಕೆ ಮೇಡಂ?’ ಎಂದು ಪ್ರತಿ ತಿಂಗಳೂ ಯಾರಾದರೂ ಕೇಳುತ್ತಾರೆ. ಅದರಲ್ಲಿ ವ್ಯಕ್ತಿಗಳ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಸ್ವಂತ ಪ್ರೆಸ್ ನಡೆಸಿದ ನಿಮ್ಮ ಯಜಮಾನರಿಗೆ ಹಳೆಯ ಕಾಯ್ದೆಯೇ.

ಕಾರಿನ ವಿಷಯ. ಮನಸ್ಸು ಒಳ್ಳೆಯದು, ಒಪ್ಪುತ್ತೇನೆ. ಆದರೆ ಆ ಕಾರು ಈಗ ಸಾಲ ಕೊಟ್ಟವರೆಲ್ಲರ ಪಾಲಿನದು ಎಂದುಕೊಳ್ಳಬೇಕು. ಸಾಲ ತೀರಿಸಲಾಗದ ಸ್ಥಿತಿಯಲ್ಲಿರುವವರು ಹತ್ತು ಜನರಲ್ಲಿ ಒಬ್ಬರನ್ನು ಆರಿಸಿ ಕೊಟ್ಟು, ಮೂರು ತಿಂಗಳೊಳಗೆ ದಿವಾಳಿ ಅರ್ಜಿ ಬಿದ್ದರೆ, ಆ ಪಾವತಿಯನ್ನು ರದ್ದು ಮಾಡಲು ಅದೇ ಕಾಯ್ದೆಯ 54ನೇ ಕಲಂನಲ್ಲಿ ದಾರಿ ಇದೆ. ಹೆಂಡತಿಯನ್ನು ಬಿಡಿಸಲು ಕಟ್ಟಿದ್ದು ಎಂದು ಎದುರು ವಕೀಲರಿಗೆ ವಾಸನೆ ಹತ್ತಿದರೆ ಬಿಡುತ್ತಾರೆಯೇ? ಇಂಗ್ಲೆಂಡಿನಲ್ಲಂತೂ ಹತ್ತಿರದವರಿಗೆ ಅನುಕೂಲ ಮಾಡಿಕೊಟ್ಟದ್ದಾದರೆ ಎರಡು ವರ್ಷ ಹಿಂದಕ್ಕೆ ಹೋಗಿ ಕೆದಕುತ್ತಾರೆ. ಮನೆಯನ್ನೋ ಸೈಟನ್ನೋ ನಿಮ್ಮ ಹೆಸರಿಗೆ ಬರೆದುಕೊಡುವ ಮಾತು ಬಂದರೆ ಅದನ್ನೂ ಅಲ್ಲಿಗೇ ನಿಲ್ಲಿಸಿ. ನೀವು ನಿಮ್ಮ ಸಂಬಳದಿಂದ ಕಟ್ಟುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ: ದುಡ್ಡು ನಿಮ್ಮದು, ಸಾಲವೂ ನಿಮ್ಮದು.

ಅರ್ಜಿಯ ಜತೆ ಕೊಡುವ ಸಾಲದ ಪಟ್ಟಿಯಲ್ಲಿ ಯಜಮಾನರು ಈ ಖಾತೆಯನ್ನು ಬರೆಯಲೇಬೇಕು, ಅರ್ಧವಲ್ಲ, ಪೂರ್ತಿ ಮೊತ್ತ. ‘ಅದು ಮನೆಯ ಖಾತೆ’ ಎಂದು ಬಿಡುವವರು ಬಹಳ. ಕೋರ್ಟಿನ ಕಣ್ಣಿಗೆ ಅದು ಮುಚ್ಚಿಟ್ಟ ಸಾಲ.

ನೀವೂ ಅರ್ಜಿ ಹಾಕಬೇಕೆ? ನಿಮ್ಮ ಹೆಸರಿನಲ್ಲಿ ಇರುವುದು ಇದೊಂದೇ ಸಾಲವಾದರೆ, ಸಂಬಳ ಬರುತ್ತಿದ್ದರೆ, ಬೇಡ. ಗಂಡನಿಗೆ ಜೊತೆಯಾಗಲೆಂದು ದಿವಾಳಿಯಾಗುವುದು ಪತಿವ್ರತಾಧರ್ಮದ ಯಾವ ಪಟ್ಟಿಯಲ್ಲೂ ಇಲ್ಲ. ಅದರ ಬದಲು ಅರ್ಜಿ ಬೀಳುವ ಮುಂಚೆಯೇ ಬ್ಯಾಂಕಿಗೆ ಹೋಗಿ ‘ಓಡಿ ನಿಲ್ಲಿಸಿ, ಇವತ್ತಿನ ಬಾಕಿಗೆ ಕಂತು ಮಾಡಿಕೊಡಿ, ನಾನು ತಿಂಗಳಿಗೆ ಇಷ್ಟು ಕಟ್ಟಬಲ್ಲೆ’ ಎಂದು ಕೇಳಿ. ‘ಇಷ್ಟು’ ಎಂಬುದನ್ನು ಮನೆಯಲ್ಲಿ ಲೆಕ್ಕ ಹಾಕಿಕೊಂಡು ಹೋಗಿ. ಅಲ್ಲಿ ಕೂತು ನಾಚಿಕೆಗೆ ಹೆಚ್ಚು ಒಪ್ಪಿಕೊಂಡವರು ಮೂರನೇ ಕಂತಿಗೇ ಮುಗ್ಗರಿಸಿದ್ದನ್ನು ನೋಡಿದ್ದೇನೆ. ಮಿತಿ ದಾಟಿದ ನಲವತ್ತೆರಡು ಸಾವಿರದಲ್ಲಿ ದಂಡ, ಶುಲ್ಕ ಎಷ್ಟು ಎಂದು ಬಿಡಿಸಿ ಕೇಳಿ. ಮೊದಲು ಬಿಟ್ಟುಕೊಡುವುದು ಅದನ್ನೇ. ರಿಯಾಯಿತಿಯಲ್ಲಿ ಒಂದೇ ಗಂಟಿನಲ್ಲಿ ತೀರಿಸುವ ಮಾತು ಬಂದರೆ, ‘ಇನ್ನು ಬಾಕಿ ಇಲ್ಲ’ ಎಂಬ ಪತ್ರ ನಿಮ್ಮ ಹೆಸರಿಗೇ ಬೇಕು, ಯಜಮಾನರ ಹೆಸರಿಗೆ ಮಾತ್ರ ಬಂದರೆ ಸಾಲದು. ಕ್ರೆಡಿಟ್ ಸ್ಕೋರು ಒಂದಿಷ್ಟು ಕಾಲ ಕುಂಟುತ್ತದೆ, ಅದಕ್ಕೆ ಈಗ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ನಾನು ದಿವಾಳಿ ಅರ್ಜಿ ಹಾಕುವವನಿದ್ದೇನೆ. ಅಪ್ಪನ ಪೆನ್ಷನ್ ಖಾತೆಯಲ್ಲಿ ನನ್ನ ಹೆಸರೂ ಇದೆ, ಅವರಿಗೆ ಓಡಾಡಲು ಆಗುವುದಿಲ್ಲವೆಂದು ಸೇರಿಸಿದ್ದು. ಆ ದುಡ್ಡನ್ನೂ ಎಳೆದುಕೊಳ್ಳುತ್ತಾರೆಯೇ?
— ಒಬ್ಬ ಮಗ

ಉತ್ತರ: ಹೆಸರು ಇದ್ದ ಮಾತ್ರಕ್ಕೆ ದುಡ್ಡು ನಿಮ್ಮದಾಗುವುದಿಲ್ಲ. ಗಂಡ ತನ್ನ ದುಡ್ಡನ್ನು ತನ್ನ ಮತ್ತು ಹೆಂಡತಿಯ ಹೆಸರಿನಲ್ಲಿ ಇಟ್ಟಿದ್ದ ಠೇವಣಿಯ ಬಗ್ಗೆ 1928ರಲ್ಲಿ, ಆಗ ನಮ್ಮ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನೇ ಹೇಳಿತ್ತು: ಇಟ್ಟವನ ಉದ್ದೇಶ ಬೇರೆ ಎಂದು ತೋರದಿದ್ದರೆ ಹಣ ಇಟ್ಟವನದೇ. ಆದರೆ ಅದನ್ನು ತೋರಿಸಬೇಕಾದವರು ನೀವು. ಜಮೆಯೆಲ್ಲ ಪೆನ್ಷನ್, ತೆಗೆದದ್ದೆಲ್ಲ ಅವರ ಔಷಧಿ, ಮನೆ ಖರ್ಚು ಎಂದು ಪಾಸ್‌ಬುಕ್ ಮಾತಾಡಬೇಕು. ನಡುವೆ ಎಲ್ಲೋ ನಿಮ್ಮ ಅಂಗಡಿಯ ಚೆಕ್ ಒಂದು ಅದಕ್ಕೆ ಜಮೆಯಾಗಿದ್ದರೆ ವಕೀಲರಿಗೆ ಈಗಲೇ ಹೇಳಿ, ಆಮೇಲೆ ಅಲ್ಲ. ಆಸ್ತಿಯ ಪಟ್ಟಿಯಲ್ಲಿ ಖಾತೆಯನ್ನು ಕಾಣಿಸಿ, ಪಕ್ಕದಲ್ಲಿ ‘ಹಣ ತಂದೆಯವರದು’ ಎಂದು ಬರೆಯಿರಿ. ತೀರ್ಮಾನ ಆಗುವವರೆಗೆ ಖಾತೆ ತಡೆಯಲ್ಲಿ ಇದ್ದರೂ ಇರಬಹುದು. ಹಾಗಾಗಿ ಮುಂದಿನ ಪೆನ್ಷನ್ ಅಪ್ಪನೊಬ್ಬರ ಹೆಸರಿನ ಖಾತೆಗೆ ಬರುವಂತೆ ಮಾಡಿ, ಬ್ಯಾಂಕಿನ ಕೆಲಸಕ್ಕೆ ತಂಗಿಗೋ ಅಮ್ಮನಿಗೋ ಅವರಿಂದ ಅಧಿಕಾರ ಪತ್ರ ಬರೆಸಿಕೊಡಿ. ಹಳೆಯ ಪಾಸ್‌ಬುಕ್‌ಗಳನ್ನು ರದ್ದಿಗೆ ಹಾಕಿಲ್ಲ ತಾನೆ?